ಉಗ್ರಾಣದಲ್ಲಿರುವ ಮಾಲು ಯಾರದು?

ಸಂಘದ ಆನ್‌ಲೈನ್ ಅಂಗಡಿಯನ್ನು ಸಂಘದ ಲೆಕ್ಕದ ಗಣಕ ವ್ಯವಸ್ಥೆಗೆ ಜೋಡಿಸುವ ವಿಚಾರ ಆಡಳಿತ ಮಂಡಳಿಯ ಮುಂದೆ ಬಂದಿದೆ. ಜೋಡಿಸಬೇಕೇ ಬೇಡವೇ ಎಂಬುದರಲ್ಲಿ ನಮಗೆ ಸಂಶಯವಿಲ್ಲ, ಜೋಡಿಸಲೇಬೇಕು. ಧಾರೇಶ್ವರದಿಂದ ಒಬ್ಬರು ಕುಮಟಾ ಪೇಟೆಗೆ ಹೋಗಿ ಬರುವಷ್ಟರಲ್ಲಿ ಬೆಂಗಳೂರಿನ ಗಿರಾಕಿ ನಮ್ಮ ಕಾಳುಮೆಣಸಿಗೆ, ಮುರುಗಲು ಸಿಪ್ಪೆಗೆ, ಕಾಫಿಪುಡಿಗೆ ಹಣ ಕಟ್ಟಿ ಮುಗಿಸಿರುತ್ತಾನೆ. ಅದನ್ನು ಗುಮಾಸ್ತರು ಚೀಟಿಯಲ್ಲಿ ಬರೆದುಕೊಂಡು ಸಂಜೆ ಕಿರ್ದಿಗೆ ಏರಿಸುವುದು ದಿನಕ್ಕೆ ಐದು ಬೇಡಿಕೆ ಇರುವ ತನಕ ನಡೆದೀತು, ಐವತ್ತಾದಾಗ ನಡೆಯದು. ಆದರೆ ಜೋಡಣೆಗೆ ಮೊದಲು ಇತ್ಯರ್ಥವಾಗಬೇಕಾದ ಒಂದು ಪ್ರಶ್ನೆ ಇದೆ. ಅದು ಗಣಕದ ಪ್ರಶ್ನೆ ಅಲ್ಲವಾದ್ದರಿಂದ ಗಣಕದವರು ಅದನ್ನು ಕೇಳುವುದಿಲ್ಲ. ನಮ್ಮ ಉಗ್ರಾಣದಲ್ಲಿರುವ ಮಾಲು ಯಾರದು?

ಇ.ಆರ್.ಪಿ. ಎಂಬ ಹೆಸರಿಗೆ ಯಾರೂ ಗಾಬರಿಯಾಗಬೇಕಿಲ್ಲ. ರೋಜುಕಿರ್ದಿ, ಖಾತೆವಹಿ, ದಾಸ್ತಾನುವಹಿ, ಸದಸ್ಯರ ಪಾಸುಬುಕ್ಕು, ಇವು ಒಂದು ಕಾಲಕ್ಕೆ ಬೇರೆ ಬೇರೆ ಕಪಾಟಿನಲ್ಲಿ ಬೇರೆ ಬೇರೆ ಕೈಬರಹದಲ್ಲಿ ಇರುತ್ತಿದ್ದವು. ಅವನ್ನೆಲ್ಲ ಒಂದೇ ವಹಿಯಾಗಿ ಹೊಲಿದದ್ದೇ ಇ.ಆರ್.ಪಿ. ಒಂದು ಕಡೆ ಬರೆದರೆ ಉಳಿದ ಕಡೆ ತಾನಾಗಿ ಏರುತ್ತದೆ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೂ ಇದೇ ದಾರಿ ಆಗಿದೆ. 2022ರ ಜೂನ್ 29ರಂದು ಕೇಂದ್ರ ಸಚಿವ ಸಂಪುಟವು 63,000 ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಯನ್ನು ಮಂಜೂರು ಮಾಡಿತು. ಎಲ್ಲಕ್ಕೂ ಸಮಾನ ತಂತ್ರಾಂಶ ಎಂಬುದು ಅದರ ತಿರುಳು. ಆದರೆ ನಮ್ಮದು ಮಾರಾಟ ಸಂಘ. ಸಾಲದ ಲೆಕ್ಕದಲ್ಲಿ ರೂಪಾಯಿ ರೂಪಾಯಿಯಾಗಿಯೇ ಇರುತ್ತದೆ. ಮಾಲಿನ ಲೆಕ್ಕ ಹಾಗಲ್ಲ. ಕಾಫಿಬೀಜ ಹುರಿದರೆ ನೂರು ಕಿಲೊದಲ್ಲಿ ಹದಿನೈದಿಪ್ಪತ್ತು ಕಿಲೊ ಕಡಿಮೆಯಾಗುತ್ತದೆ. ಹೊಸ ಚಾಲಿ ಚೀಲ ಅಲ್ಲಾಡದೆ ಕುಳಿತಲ್ಲೇ ಹಳೆ ಚಾಲಿಯಾಗುತ್ತದೆ, ದರವೂ ಬೇರೆಯಾಗುತ್ತದೆ. ಇದನ್ನು ಹೊರಗಿನ ತಂತ್ರಜ್ಞರಿಗೆ ತಿಳಿಹೇಳುವುದರಲ್ಲೇ ಒಂದು ದಿನ ಕಳೆಯಿತು.

ಈಗ ಮುಖ್ಯ ಸಂಗತಿಗೆ ಬರೋಣ. ಸಾಮಾನ್ಯ ವ್ಯಾಪಾರಿಯ ಮಳಿಗೆಯಲ್ಲಿ ಇರುವುದೆಲ್ಲ ಅವನದೇ. ಸಹಕಾರಿ ಉಗ್ರಾಣದಲ್ಲಿ ಹಾಗಿಲ್ಲ. ಸಂಘವು ದುಡ್ಡು ಕೊಟ್ಟು ಖರೀದಿಸಿ ಪೊಟ್ಟಣ ಕಟ್ಟಿದ ಮಾಲು ಒಂದು. ಸದಸ್ಯರು ತಂದು ತಮ್ಮ ಹೆಸರಿನಲ್ಲಿ ಇಟ್ಟು, ಅದರ ಮೇಲೆ ಮುಂಗಡ ಪಡೆದು, ದರಕ್ಕೆ ಕಾದಿರುವ ಮಾಲು ಇನ್ನೊಂದು. ಕಣ್ಣಿಗೆ ಎರಡೂ ಒಂದೇ ಚೀಲ. ಪರರ ಮಾಲನ್ನು ಬೇರೆಯಾಗಿ ತೋರಿಸುವ ಸೌಕರ್ಯ ಒಳ್ಳೆಯ ತಂತ್ರಾಂಶಗಳಲ್ಲಿ ಉಂಟು. ಆದರೆ ಅಂಗಡಿಗೆ ಜೋಡಿಸುವಾಗ 'ಒಟ್ಟು ದಾಸ್ತಾನು' ಎಂಬ ಒಂದೇ ಅಂಕಿಯನ್ನು ಕಳಿಸಿಬಿಡುವುದು ಸುಲಭ, ಖರ್ಚೂ ಕಡಿಮೆ. ನಮಗೆ ಬಂದಿರುವ ಸಲಹೆಯೂ ಅದೇ.

ಅದರ ಫಲವೇನೆಂದು ನೋಡಿ. ಒಬ್ಬ ಸದಸ್ಯರು ಮಾರ್ಚಿಯಲ್ಲಿ 3 ಕ್ವಿಂಟಲ್ ಮೆಣಸು ತಂದಿಟ್ಟು, ಮಗಳ ಮದುವೆಯ ಖರ್ಚಿಗೆ ಮುಂಗಡ ಪಡೆದು, ದೀಪಾವಳಿಯ ಹೊತ್ತಿಗೆ ದರ ಏರೀತೆಂದು ಕಾದಿದ್ದಾರೆ ಎನ್ನೋಣ. ಸಂಘದ ಸ್ವಂತ ಮೆಣಸು ಇರುವುದು 40 ಕಿಲೊ. ಅಂಗಡಿಗೆ ಕಾಣುವುದು 340 ಕಿಲೊ. ಜೂನಿನಲ್ಲಿ ಬೇಡಿಕೆ ಒಟ್ಟಿಗೆ ಬಂದರೆ ಅಂಗಡಿ 340 ಕಿಲೊವನ್ನೂ ಮಾರುತ್ತದೆ. ಗಿರಾಕಿಗೆ ಮಾಲು ಮುಟ್ಟಿತು, ಬ್ಯಾಂಕಿಗೆ ಹಣ ಬಂತು, ಗಣಕದ ಲೆಕ್ಕ ಪೈಸೆಗೆ ಪೈಸೆ ಸರಿ. ದೀಪಾವಳಿಗೆ ಆ ಸದಸ್ಯರು ಬಂದು ತಮ್ಮ ಮೆಣಸು ಕೇಳಿದರೆ ಯಾವ ದರ ಕೊಡುವುದು? ದರ ಏರಿದ್ದರೆ ವ್ಯತ್ಯಾಸವನ್ನು ಉಳಿದ ಸದಸ್ಯರ ಗಂಟಿನಿಂದ ತುಂಬಬೇಕು. ಇಳಿದಿದ್ದರೆ ಲಾಭ ಸಂಘಕ್ಕೇ ಇರಲಿ ಎನ್ನುವವರೂ ಹುಟ್ಟಿಕೊಳ್ಳುತ್ತಾರೆ. ಎರಡರಲ್ಲಿ ಯಾವುದಾದರೂ ಜಗಳವೇ.

ಮುಂಗಡ ಕೊಟ್ಟ ಮೇಲೆ ಮಾರುವ ಹಕ್ಕು ಸಂಘಕ್ಕೆ ಇಲ್ಲವೇ ಎಂದು ಕೆಲವರು ಕೇಳುತ್ತಾರೆ. ಒತ್ತೆ ಬೇರೆ, ಕ್ರಯ ಬೇರೆ. 1872ರ ಭಾರತೀಯ ಒಪ್ಪಂದ ಕಾಯ್ದೆಯ 176ನೆಯ ಕಲಮಿನಂತೆ, ಸಾಲಗಾರ ತಪ್ಪಿದಾಗಲೂ ಒತ್ತೆ ಇಟ್ಟುಕೊಂಡವನು ಯುಕ್ತ ನೋಟೀಸು ಕೊಟ್ಟ ಮೇಲೆಯೇ ಮಾಲನ್ನು ಮಾರಬಹುದು. ಇಲ್ಲಿ ಸದಸ್ಯರು ತಪ್ಪಿಯೂ ಇಲ್ಲ, ನೋಟೀಸೂ ಇಲ್ಲ. ರಾತ್ರಿ ಹನ್ನೊಂದಕ್ಕೆ ಯಾರೋ ಒಂದು ಗುಂಡಿ ಒತ್ತಿದರು, ಅಷ್ಟೆ.

ಟೆಂಡರಿನ ಪದ್ಧತಿಯನ್ನು ಇದರೊಡನೆ ಹೋಲಿಸಿ. ಕರ್ನಾಟಕದ ಮಾರುಕಟ್ಟೆಗಳಲ್ಲಿ 2014ರಿಂದ ಏಕೀಕೃತ ಮಾರುಕಟ್ಟೆ ವೇದಿಕೆ ಬಂದು, ಟೆಂಡರು ಗಣಕದ ಮೇಲೆ ನಡೆಯುತ್ತಿದೆ. ಅಲ್ಲಿಯೂ ದರ ನೋಡಿ 'ಈ ದರಕ್ಕೆ ಕೊಡುವುದಿಲ್ಲ' ಎನ್ನುವ ಅವಕಾಶ ಬೆಳೆಗಾರನಿಗೆ ಉಂಟು. ನಮ್ಮ ಅಡಿಕೆ ಬೆಳೆಗಾರನ ಬಲ ಇರುವುದೇ ಆ ಒಂದು ಮಾತಿನಲ್ಲಿ. ಆನ್‌ಲೈನ್ ಅಂಗಡಿಯಲ್ಲಿ ಆ ಮಾತಿಗೆ ಜಾಗವಿಲ್ಲ. ಗಿರಾಕಿ ಹಣ ಕಟ್ಟಿದ ಕ್ಷಣ ವ್ಯಾಪಾರ ಮುಗಿಯಿತು.

ಘಟ್ಟದ ಮೇಲಿನ ಕಾಫಿ ಬೆಳೆಗಾರ ಸದಸ್ಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1942ರ ಕಾಫಿ ಕಾಯ್ದೆಯ ಕಾಲದಲ್ಲಿ ಕಾಫಿಯನ್ನು ಮಂಡಳಿಯ ಪೂಲಿಗೆ ಒಪ್ಪಿಸಬೇಕಾಗಿತ್ತು. ಒಪ್ಪಿಸಿದ ಮೇಲೆ ಆ ಚೀಲ ಎಲ್ಲಿ ಹೋಯಿತು, ಯಾವ ದರಕ್ಕೆ ಹೋಯಿತು ಎಂದು ಬೆಳೆಗಾರ ಕೇಳುವಂತಿರಲಿಲ್ಲ; ಹಣ ಕಂತು ಕಂತಾಗಿ ಬರುತ್ತಿತ್ತು. 1990ರ ದಶಕದಲ್ಲಿ ಅದು ಹಂತ ಹಂತವಾಗಿ ಸಡಿಲಗೊಂಡು 1996ರಲ್ಲಿ ಮುಗಿಯಿತು. ಪೂಲಿನಿಂದ ಸಣ್ಣ ಬೆಳೆಗಾರನಿಗೆ ಉಪಕಾರವೂ ಆಗಿತ್ತು, ಅದನ್ನು ನಾವು ಮರೆಯುವವರಲ್ಲ. ಆದರೆ ಅದು ಶಾಸನ ಮಾಡಿದ ಪೂಲು. ತಂತ್ರಾಂಶದ ಒಂದು ಅನುಕೂಲಕ್ಕಾಗಿ, ಯಾರ ಒಪ್ಪಿಗೆಯೂ ಇಲ್ಲದೆ, ನಾವು ಇನ್ನೊಂದು ಪೂಲು ಕಟ್ಟುವುದು ಬೇಡ.

ಮಾಲು ಯಾರದೆಂಬುದಕ್ಕೆ ತೆರಿಗೆಯೂ ಅಂಟಿಕೊಂಡಿದೆ. ಕೃಷಿಕನೇ ತನ್ನ ಕಾಳುಮೆಣಸನ್ನು, ಹಸಿಯಾಗಲಿ ಒಣಗಿದ್ದಾಗಲಿ, ಮಾರಿದರೆ ಜಿ.ಎಸ್.ಟಿ. ಬಾಧ್ಯತೆ ಇಲ್ಲವೆಂದು 2024ರ ಡಿಸೆಂಬರಿನಲ್ಲಿ ಸೇರಿದ ಜಿ.ಎಸ್.ಟಿ. ಮಂಡಳಿ ಸ್ಪಷ್ಟಪಡಿಸಿತು. ಸಂಘವು ಅದನ್ನೇ ಖರೀದಿಸಿ ಪೊಟ್ಟಣ ಕಟ್ಟಿ ಮಾರಿದರೆ ಶೇಕಡಾ 5. ಅಂಕಿಗಳು ಬೆರೆತರೆ ತೆರಿಗೆಯ ಲೆಕ್ಕವೂ ಬೆರೆಯುತ್ತದೆ. ತೆರಿಗೆಯ ದರ ಎರಡು ಕಡೆ ಬರೆದಿರುವುದೂ ಅಪಾಯವೇ. 2025ರ ಸೆಪ್ಟೆಂಬರ್ 22ರಂದು ಚಾಕಲೇಟಿನ ಮೇಲಿನ ತೆರಿಗೆ, ದಿಢೀರ್ ಕಾಫಿಯ ಮೇಲಿನ ತೆರಿಗೆ, ಎರಡೂ ಶೇಕಡಾ 18ರಿಂದ 5ಕ್ಕೆ ಇಳಿದವು. ಲೆಕ್ಕದಲ್ಲಿ ತಿದ್ದಿ ಅಂಗಡಿಯಲ್ಲಿ ತಿದ್ದದೆ ಬಿಟ್ಟರೆ ಗಿರಾಕಿಯಿಂದ ಹೆಚ್ಚು ವಸೂಲಿ ಮಾಡಿದಂತೆ. ಆದ್ದರಿಂದ ದರ, ತೆರಿಗೆ, ಮಾಲಿನ ಹೆಸರು, ಇವು ಮೂರೂ ಲೆಕ್ಕದಿಂದ ಅಂಗಡಿಗೆ ಹರಿಯಬೇಕೇ ಹೊರತು ಅಂಗಡಿಯಲ್ಲಿ ಯಾರೂ ಕೈಯಿಂದ ತಿದ್ದುವಂತಿರಬಾರದು.

ಉಳಿದ ಎರಡು ಸಣ್ಣ ಮಾತು. ಮಳೆಗಾಲದಲ್ಲಿ ನಮ್ಮ ಕಡೆ ವಿದ್ಯುತ್ತು, ಸಂಪರ್ಕ ಯಾವಾಗ ಕೈಕೊಡುತ್ತದೆಂದು ಹೇಳಲಾಗದು. ಕಡಿದ ಸಂಪರ್ಕ ಮರಳಿದಾಗ ಅಂಗಡಿ ಅದೇ ಬೇಡಿಕೆಯನ್ನು ಮತ್ತೊಮ್ಮೆ ಕಳಿಸುವುದುಂಟು. ಒಂದು ಬೇಡಿಕೆಯ ಸಂಖ್ಯೆ ಕಿರ್ದಿಗೆ ಒಮ್ಮೆ ಮಾತ್ರ ಏರಬೇಕೆಂಬ ಷರತ್ತು ಕರಾರಿನಲ್ಲಿ ಬರೆದಿರಬೇಕು. ಇನ್ನೊಂದು, ದಾಸ್ತಾನಿನ ಅಂಕಿ ಗಂಟೆಗೊಮ್ಮೆ ಮಾತ್ರ ಅಂಗಡಿಗೆ ಹೋಗುವುದಾದರೆ, ಉಳಿದ ಹತ್ತು ಪೊಟ್ಟಣ ನಮ್ಮ ಕಟ್ಟೆಯಲ್ಲೂ ಅಲ್ಲಿಯೂ ಎರಡೆರಡು ಸಲ ಮಾರಿಹೋಗುತ್ತವೆ. ಅಂಗಡಿಗೆಂದು ಒಂದು ಕಪಾಟು ಬೇರೆ ತೆಗೆದಿಟ್ಟರೆ ಇದಕ್ಕೆ ಪರಿಹಾರ ಸಾಕು. ಇದಕ್ಕಾಗಿ ಲಕ್ಷಗಟ್ಟಲೆ ಸುರಿಯಬೇಕಾಗಿಲ್ಲ.

ನಮ್ಮ ಅಭಿಪ್ರಾಯ ಇಷ್ಟು. ಗಣಕದಲ್ಲಿ ಎರಡು ಉಗ್ರಾಣ ಇರಲಿ, ಸಂಘದ್ದು ಒಂದು, ಸದಸ್ಯರದು ಒಂದು. ಅಂಗಡಿಯ ಕಣ್ಣಿಗೆ ಮೊದಲನೆಯದು ಮಾತ್ರ ಬೀಳಲಿ. ಎರಡನೆಯದರಿಂದ ಮೊದಲನೆಯದಕ್ಕೆ ಒಂದು ಕಿಲೊ ಸರಿಯಬೇಕಾದರೂ ಸದಸ್ಯರ ಸಹಿಯಾದ ಖರೀದಿ ಚೀಟಿ ಬೇಕು, ಅದರಲ್ಲಿ ದರ ನಮೂದಾಗಿರಬೇಕು. ಇದರಿಂದ ಕೆಲಸ ನಿಧಾನವಾಗುತ್ತದೆ, ಕೆಲವು ದಿನ ಅಂಗಡಿಯಲ್ಲಿ 'ಮಾಲು ಮುಗಿದಿದೆ' ಎಂಬ ಫಲಕ ಕಾಣುತ್ತದೆ ಎಂಬ ಆಕ್ಷೇಪ ನಿಜ. ಕಾಣಲಿ. ಉಗ್ರಾಣ ತುಂಬಿರುವಾಗಲೂ ಸಂಘದ ಮಾಲು ಮುಗಿದಿರಬಹುದು. ಹಾಗೆ ಹೇಳಿಕೊಳ್ಳಲು ಸಂಘಕ್ಕೆ ಸಂಕೋಚವೇನೂ ಬೇಡ.

ತಮ್ಮ ಮಾಲನ್ನು ಇಂತಿಷ್ಟು ದರಕ್ಕೆ ಕಡಿಮೆಯಿಲ್ಲದಂತೆ ಅಂಗಡಿಗೆ ಕೊಡಲು ಮುಂಚಿತವಾಗಿ ಒಪ್ಪುವ ಸದಸ್ಯರೂ ಇರಬಹುದು. ಅಂಥವರಿಗಾಗಿ ಒಪ್ಪಿಗೆ ಪತ್ರದ ಕರಡು ನಮೂನೆಯನ್ನು ಸಿದ್ಧಪಡಿಸಿದ್ದೇವೆ. ಸದಸ್ಯ ಬಂಧುಗಳು ಕಚೇರಿಗೆ ಬಂದಾಗ ಓದಿ ನೋಡಿ, ತಿದ್ದುವುದಿದ್ದರೆ ಅಂಚಿನಲ್ಲೇ ಬರೆದು ಕೊಡಬೇಕಾಗಿ ವಿನಂತಿ. ವಾರ್ಷಿಕ ಸಭೆಗೆ ಅದನ್ನು ಅಂಚಿನ ಬರಹ ಸಮೇತ ಇಡುತ್ತೇವೆ. ಸಭೆ ಒಪ್ಪುವ ತನಕ ಜೋಡಣೆಯ ಕರಾರಿಗೆ ಸಹಿ ಹಾಕುವುದಿಲ್ಲ.