ಮಗನ ಮುಂದೆ ಹೇಳಲಾಗದ ಮಾತು: ಮೂತ್ರದ ಬಗ್ಗೆ ಹೃದಯದ ಡಾಕ್ಟರೊಬ್ಬರ ಮನವಿ



ಹೃದಯದ ಡಾಕ್ಟರು ಮೂತ್ರದ ಬಗ್ಗೆ ಯಾಕೆ ಬರೆಯುತ್ತಿದ್ದಾರೆ ಎಂದು ನಿಮಗೆ ಅನ್ನಿಸಬಹುದು. ಕಾರಣ ಇದೆ, ಹೇಳುತ್ತೇನೆ.

ಕೆಲವು ತಿಂಗಳ ಹಿಂದೆ ರಾತ್ರಿ ಎರಡು ಗಂಟೆಗೆ, ಎಪ್ಪತ್ತರ ಆಸುಪಾಸಿನ ತಾಯಿಯೊಬ್ಬರನ್ನು ನಮ್ಮಲ್ಲಿಗೆ ಕರೆತಂದರು. ಊರು ಧಾರವಾಡದ ಕಡೆ. ಐದಾರು ವರ್ಷದಿಂದ ಇಲ್ಲೇ ಪುಣೆಯಲ್ಲಿ ಮಗನ ಮನೆಯಲ್ಲಿದ್ದಾರೆ. ಮಲಗಿದರೆ ಉಸಿರು ಕಟ್ಟುತ್ತದೆ, ಎದ್ದು ಕೂತು ಏದುಸಿರು ಬಿಡುತ್ತಿದ್ದರು. ಕಾಲು ಒತ್ತಿದರೆ ಗುಳಿ ಬೀಳುತ್ತಿತ್ತು. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಅವರ ಹೃದಯ ಮೊದಲೇ ದುರ್ಬಲ, ಆದರೆ ಮಾತ್ರೆಗಳಿಂದ ಎರಡು ವರ್ಷ ಚೆನ್ನಾಗಿದ್ದರು.

"ಮಾತ್ರೆ ಏನಾದರೂ ಬಿಟ್ಟಿದ್ದಾರಾ?" ಎಂದು ಮಗನನ್ನು ಕೇಳಿದೆ. "ಇಲ್ಲ ಡಾಕ್ಟ್ರೇ, ನಾನೇ ದಿನಾ ಡಬ್ಬಿಗೆ ಹಾಕಿ ಕೊಡ್ತೀನಿ" ಅಂದರು.

ಮರುದಿನ ಮಗ ಚಹಾ ಕುಡಿಯಲು ಹೊರಗೆ ಹೋದಾಗ ಆ ತಾಯಿಯ ಪಕ್ಕ ಕೂತು ಕೇಳಿದೆ: "ಅಮ್ಮಾರ, ನೀರು ಹೋಗೂ ಗುಳಿಗಿ ತಗೊಂಡಿದ್ರೇನ್ರಿ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಇಲ್ರೀ ಡಾಕ್ಟರ್ರ. ಹುಬ್ಬಳ್ಳಿಗೆ ಮದುವಿಗೆ ಹೋಗಿದ್ವಿ. ರಾತ್ರಿ ಬಸ್ಸಿನ್ಯಾಗ ನಾ ಎಲ್ಲಿ ಹೋಗ್ಲಿ? ಘಳಿಗಿಗೊಮ್ಮೆ ಬಸ್ ನಿಲ್ಲಸು ಅಂತ ಮಗನ ಮುಂದ ಹೆಂಗ ಹೇಳ್ಲಿ? ಅದೊಂದ ಗುಳಿಗಿ ಐದು ದಿವಸ ಖಿಡಕಿಯಿಂದ ಒಗದೆ."

ತಪ್ಪು ಆ ತಾಯಿಯದೇ ಎಂದು ನಾನು ಹೇಳಲಾರೆ. ಎರಡು ವರ್ಷ ಅವರು ನನ್ನ ಹತ್ತಿರ ಬಂದಿದ್ದಾರೆ. ಪ್ರತಿ ಸಲ ಮಗ ಇಂಗ್ಲಿಷಿನಲ್ಲಿ ಕೇಳುತ್ತಿದ್ದರು, ನಾನು ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದೆ. ಕನ್ನಡ ಬರುವ ನಾನೇ "ಒಂದಕ್ಕೆ ಹೋಗಲು ನಿಮಗೆ ತೊಂದರೆ ಆಗುತ್ತದೆಯೇ?" ಎಂದು ಒಂದು ಸಲವೂ ಅವರನ್ನು ನೇರವಾಗಿ ಕೇಳಿರಲಿಲ್ಲ. ಕನ್ನಡ ಬಾರದ ಡಾಕ್ಟರ ಎದುರು ಇಂಥ ತಾಯಂದಿರ ಪಾಡು ಏನು ಎಂದು ಯೋಚಿಸಿ.

ನನ್ನ ಅಭಿಪ್ರಾಯ ಇಷ್ಟೇ. ಮೂತ್ರದ ವಿಷಯದಲ್ಲಿ ನಮ್ಮ ಮನೆಗಳಲ್ಲಿರುವ ನಾಚಿಕೆ ಕಾಯಿಲೆಯನ್ನು ಮುಚ್ಚಿಡುತ್ತದೆ. ಊರು ಬಿಟ್ಟು ಬಂದ ಕುಟುಂಬಗಳಲ್ಲಿ ಅದಕ್ಕೆ ಭಾಷೆಯ ತೊಡಕೂ ಸೇರಿ ನಾಚಿಕೆ ಎರಡು ಪಟ್ಟಾಗುತ್ತದೆ.

*ಹೃದಯಕ್ಕೂ ಮೂತ್ರಕ್ಕೂ ಏನು ನಂಟು?*

ನಮ್ಮ ದೇಹದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಹೃದಯ ಪ್ರತಿ ನಿಮಿಷ ಹೊರಹಾಕುವ ರಕ್ತದಲ್ಲಿ ಸುಮಾರು ಐದನೇ ಒಂದು ಪಾಲು ಎರಡು ಮೂತ್ರಪಿಂಡಗಳಿಗೆ ಹೋಗುತ್ತದೆ. ಅವು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ, ಅದರಲ್ಲಿ ಬಹುಪಾಲನ್ನು ರಕ್ತಕ್ಕೆ ಹಿಂದಿರುಗಿಸಿ, ಒಂದೂವರೆ ಎರಡು ಲೀಟರನ್ನು ಮಾತ್ರ ಮೂತ್ರವಾಗಿ ಕಳಿಸುತ್ತವೆ. ಹೃದಯ ಸೋತರೆ ಮೂತ್ರಪಿಂಡಕ್ಕೆ ರಕ್ತ ಸಾಲದು. ಆಗ ಅದು ದೇಹದಲ್ಲಿ ನೀರು ಕಡಿಮೆಯಾಗಿದೆ ಎಂದು ತಪ್ಪು ತಿಳಿದು ಉಪ್ಪನ್ನೂ ನೀರನ್ನೂ ಹಿಡಿದಿಡುತ್ತದೆ. ಆ ನೀರು ಕಾಲಿಗೆ, ಹೊಟ್ಟೆಗೆ, ಶ್ವಾಸಕೋಶಕ್ಕೆ ಇಳಿಯುತ್ತದೆ.

ಈ ನಂಟು ಹಳೆಯದು. ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ರಿಚರ್ಡ್ ಬ್ರೈಟ್, ಮೈ ಬಾತ ರೋಗಿಗಳ ಮೂತ್ರವನ್ನು ಚಮಚದಲ್ಲಿ ಹಾಕಿ ದೀಪದ ಮೇಲೆ ಕಾಯಿಸಿ ನೋಡುತ್ತಿದ್ದರು. ಮೊಟ್ಟೆಯ ಬಿಳಿಭಾಗದಂತೆ ಗರಣೆ ಕಟ್ಟಿದರೆ ಅದರಲ್ಲಿ ಪ್ರೋಟೀನ್ ಹೋಗುತ್ತಿದೆ ಎಂದರ್ಥ. ಬಾವು, ಪ್ರೋಟೀನ್, ಕೆಟ್ಟ ಮೂತ್ರಪಿಂಡ ಈ ಮೂರನ್ನೂ ಜೋಡಿಸಿ 1827ರಲ್ಲಿ ಅವರು ಬರೆದರು. ಅಂಥ ರೋಗಿಗಳಲ್ಲಿ ಹೃದಯ ದೊಡ್ಡದಾಗಿರುವುದನ್ನೂ ಮುಂದೆ ಗುರುತಿಸಿದರು. 1981ರಲ್ಲಿ ಕೆನಡಾದ ವಿಜ್ಞಾನಿ ಅಡಾಲ್ಫೊ ಡಿ ಬೋಲ್ಡ್ ಮತ್ತು ಸಂಗಡಿಗರು, ಇಲಿಯ ಹೃದಯದ ಮೇಲಿನ ಕೋಣೆಗಳಿಂದ ತೆಗೆದ ಸಾರವನ್ನು ಬೇರೆ ಇಲಿಗಳಿಗೆ ಕೊಟ್ಟಾಗ ಅವು ಧಾರಾಳವಾಗಿ ಮೂತ್ರ ಮಾಡಿದ್ದನ್ನು ತೋರಿಸಿದರು. ಅಂದರೆ "ನೀರು ಹೆಚ್ಚಾಯಿತು, ಹೊರಗೆ ಕಳಿಸು" ಎಂದು ಹೃದಯವೇ ಮೂತ್ರಪಿಂಡಕ್ಕೆ ಹಾರ್ಮೋನಿನ ಮೂಲಕ ಹೇಳುತ್ತದೆ. ದೇಹದೊಳಗೆ ಇವೆರಡೂ ಇಷ್ಟು ಮುಕ್ತವಾಗಿ ಮಾತಾಡಿಕೊಳ್ಳುವಾಗ ನಾವು ಮಾತ್ರ ಬಾಯಿ ಮುಚ್ಚಿಕೊಂಡಿದ್ದೇವೆ!

*ನೀರಿನ ಮಾತ್ರೆ: ಹೊತ್ತು ಬದಲಿಸಬಹುದು, ಬಿಡಬಾರದು*

ಫ್ಯುರೊಸಮೈಡ್, ಟಾರ್ಸಮೈಡ್ ಮುಂತಾದ ಮಾತ್ರೆಗಳು ನುಂಗಿದ ಒಂದು ಗಂಟೆಯೊಳಗೆ ಕೆಲಸ ಶುರು ಮಾಡಿ ಆರೆಂಟು ಗಂಟೆಯಲ್ಲಿ ಮುಗಿಸುತ್ತವೆ. ಇಷ್ಟು ಗೊತ್ತಿದ್ದರೆ ಪ್ರಯಾಣ ಸುಲಭ. ರಾತ್ರಿ ಒಂಬತ್ತಕ್ಕೆ ಬಸ್ ಇದ್ದರೆ ಬೆಳಗಿನ ಮಾತ್ರೆಯನ್ನು ಬೆಳಿಗ್ಗೆಯೇ ತೆಗೆದುಕೊಂಡರೆ ಸಾಕು, ಹೊರಡುವ ಹೊತ್ತಿಗೆ ಅದರ ಜೋರು ಇಳಿದಿರುತ್ತದೆ. ಹಗಲು ಪ್ರಯಾಣವಾದರೆ ಊರು ಮುಟ್ಟಿದ ಮೇಲೆ ತೆಗೆದುಕೊಳ್ಳಬಹುದೇ ಎಂದು ನಿಮ್ಮ ಡಾಕ್ಟರನ್ನು ಮೊದಲೇ ಕೇಳಿ. ಆಗುವುದಾದರೆ ಶೌಚಾಲಯ ಇರುವ ರೈಲಿನಲ್ಲೇ ಟಿಕೆಟ್ ಮಾಡಿ.

ಮನೆಯಲ್ಲಿ ತೂಕದ ಯಂತ್ರ ಇಟ್ಟುಕೊಳ್ಳಿ. ಬೆಳಿಗ್ಗೆ ಎದ್ದು ಮೂತ್ರ ಮಾಡಿದ ಮೇಲೆ, ತಿಂಡಿಗೆ ಮೊದಲು ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಹೃದಯ ದುರ್ಬಲ ಇರುವವರ ತೂಕ ಎರಡು ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಉಸಿರು ಕಟ್ಟುವವರೆಗೆ ಕಾಯದೆ ಅದೇ ದಿನ ಫೋನ್ ಮಾಡಿ. ಮದುವೆ ಊಟದ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ಉಪ್ಪೂ ಇದರಲ್ಲಿ ಪಾಲುದಾರ.

*ನೀರು ಎಷ್ಟು ಕುಡಿಯಬೇಕು?*

"ದಿನಕ್ಕೆ ನಾಲ್ಕು ಲೀಟರ್ ಕುಡಿಯಿರಿ, ಕಿಡ್ನಿ ಶುದ್ಧವಾಗುತ್ತದೆ" ಎಂಬ ಸಂದೇಶ ನಿಮ್ಮ ಗುಂಪಿಗೂ ಬಂದಿರಬಹುದು. ಎಲ್ಲರಿಗೂ ಒಂದೇ ಅಳತೆ ಇಲ್ಲ. ಆರೋಗ್ಯವಂತರಿಗೆ ಬಾಯಾರಿಕೆ ಮತ್ತು ಮೂತ್ರದ ಬಣ್ಣ ಸಾಮಾನ್ಯವಾಗಿ ಒಳ್ಳೆಯ ಅಳತೆ. ತಿಳಿ ಹಳದಿ ಇದ್ದರೆ ಸಾಕು. ಹೃದಯ ತೀರ ಸೋತವರು, ಮೂತ್ರಪಿಂಡ ಕೆಟ್ಟವರು ಇಂಥ ಸಂದೇಶ ನೋಡಿ ನಾಲ್ಕು ಲೀಟರ್ ಕುಡಿದರೆ ಆಸ್ಪತ್ರೆ ಸೇರಬೇಕಾದೀತು. ಹಾಗೆಂದು ಎಲ್ಲ ಹೃದ್ರೋಗಿಗಳೂ ಬಾಯಿ ಒಣಗಿಸಿಕೊಂಡು ಕೂರಬೇಕಾಗಿಲ್ಲ. ನಿಮಗೆ ಎಷ್ಟು ಎಂದು ನಿಮ್ಮ ಡಾಕ್ಟರನ್ನೇ ಕೇಳಿ. ಎಳನೀರಿನ ಬಗ್ಗೆಯೂ ಕೇಳಿ. ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಮೂತ್ರಪಿಂಡ ಸರಿಯಿಲ್ಲದವರಿಗೆ ಅದು ಆಗಿಬರುವುದಿಲ್ಲ.

ಇದರ ಇನ್ನೊಂದು ತುದಿಯಲ್ಲಿ ನಮ್ಮ ಹೆಣ್ಣುಮಕ್ಕಳಿದ್ದಾರೆ. ಮುಂಬೈಯ ಲೋಕಲ್ ರೈಲಿನಲ್ಲಿ ಶೌಚಾಲಯವಿಲ್ಲ. ಡೊಂಬಿವಿಲಿಯಿಂದ ಹೊರಟವರು ಆಫೀಸು ಸೇರುವ ತನಕ ತಡೆದುಕೊಳ್ಳಬೇಕೆಂದು ಬೆಳಿಗ್ಗೆಯಿಂದ ನೀರೇ ಮುಟ್ಟುವುದಿಲ್ಲ. ಇದು ಒಬ್ಬಿಬ್ಬರ ಕಷ್ಟವಾಗಿದ್ದರೆ 2011ರಲ್ಲಿ ಮುಂಬೈಯ ಮಹಿಳಾ ಸಂಘಟನೆಗಳು "ರೈಟ್ ಟು ಪೀ" ಎಂದು ಚಳವಳಿಯನ್ನೇ ಶುರು ಮಾಡಬೇಕಾಗುತ್ತಿರಲಿಲ್ಲ.

*ದೇಹದ ಕಾವಲು, ನಾವು ಕೆಡಿಸುವ ರೀತಿ*

ಮೂತ್ರದ ದಾರಿಗೆ ತನ್ನದೇ ರೋಗನಿರೋಧಕ ವ್ಯವಸ್ಥೆ ಇದೆ. ಮೂತ್ರಪಿಂಡ ಯೂರೊಮಾಡ್ಯುಲಿನ್ ಎಂಬ ಪ್ರೋಟೀನನ್ನು ಸ್ರವಿಸುತ್ತದೆ. ಅದು ಇ. ಕೋಲೈ ರೋಗಾಣುಗಳನ್ನು ಸುತ್ತಿ ಹಿಡಿದು, ಮೂತ್ರಕೋಶದ ಗೋಡೆಗೆ ಅಂಟದಂತೆ ಮಾಡುತ್ತದೆ. ಆಮೇಲೆ ಮೂತ್ರದ ಹರಿವು ಅವನ್ನು ಕೊಚ್ಚಿಕೊಂಡು ಹೋಗಬೇಕು. ನೀರು ಕುಡಿಯದೆ, ಗಂಟೆಗಟ್ಟಲೆ ತಡೆದಿಟ್ಟರೆ ಹಿಡಿದ ಕಳ್ಳನನ್ನು ಮನೆಯೊಳಗೇ ಕೂರಿಸಿಕೊಂಡ ಹಾಗೆ. ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಮಾತ್ರ ಉದ್ದ. ರೋಗಾಣು ಒಳಗೆ ಬರಲು ಹೆಚ್ಚು ಹೊತ್ತು ಬೇಕಾಗಿಲ್ಲ.

2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪದೇ ಪದೇ ಉರಿಮೂತ್ರವಾಗುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಮಹಿಳೆಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರು ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ನೀರು ಕುಡಿದರು. ವರ್ಷದಲ್ಲಿ ಅವರಿಗೆ ಬಂದ ಸೋಂಕು ಇನ್ನೊಂದು ಗುಂಪಿಗಿಂತ ಸುಮಾರು ಅರ್ಧ.

ನಾಚಿಕೆ ಇನ್ನೊಂದು ಅನಾಹುತವನ್ನೂ ಮಾಡುತ್ತದೆ. ಡಾಕ್ಟರಿಗೆ ಹೇಳಲು ಸಂಕೋಚ, ಹಾಗಾಗಿ ಮೆಡಿಕಲ್ ಶಾಪಿನಲ್ಲಿ "ಉರಿಗೆ ಏನಾದರೂ ಕೊಡಿ" ಎಂದು ನಾಲ್ಕು ಆಂಟಿಬಯೋಟಿಕ್ ಮಾತ್ರೆ. ಅರ್ಧ ಕೋರ್ಸಿಗೆ ಉರಿ ನಿಂತರೆ ಅಲ್ಲಿಗೆ ಬಂದ್. ಹೀಗೆ ಮಾಡಿ ಮಾಡಿಯೇ ಹಲವು ಇ. ಕೋಲೈಗಳು ಸಾಮಾನ್ಯ ಔಷಧಕ್ಕೆ ಜಗ್ಗದಂತಾಗಿವೆ. ಹೃದ್ರೋಗಿಗಳಿಗಂತೂ ಇದು ನೇರ ಅಪಾಯ. ಉದಾಹರಣೆಗೆ ಕೊಟ್ರೈಮಾಕ್ಸಜೋಲ್ ಎಂಬ ಹಳೆಯ ಅಗ್ಗದ ಔಷಧವನ್ನು ಟೆಲ್ಮಿಸಾರ್ಟನ್, ರಾಮಿಪ್ರಿಲ್ ಅಥವಾ ಸ್ಪೈರೊನೊಲ್ಯಾಕ್ಟೋನ್ ಮಾತ್ರೆಗಳ ಜೊತೆ ತೆಗೆದುಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ಆದ್ದರಿಂದ ಉರಿ, ಚಳಿಜ್ವರ, ಸೊಂಟದ ಪಕ್ಕ ನೋವು, ಮೂತ್ರದಲ್ಲಿ ರಕ್ತ ಕಂಡರೆ ಡಾಕ್ಟರ ಬಳಿ ಹೋಗಿ, ನೀವು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಚೀಟಿ ತೋರಿಸಿ.

ಹೊಸ ಔಷಧವೊಂದರ ಮಾತೂ ಇಲ್ಲಿ ಬರಬೇಕು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಸಕ್ಕರೆ ಕಾಯಿಲೆಗೆಂದು ಬಂದವು ಈಗ ದುರ್ಬಲ ಹೃದಯಕ್ಕೂ ಮೂತ್ರಪಿಂಡಕ್ಕೂ ಉಪಕಾರಿ ಎಂದು ಸಾಬೀತಾಗಿವೆ. ಕೆಲವರಿಗೆ ಇದರಿಂದ ಗುಪ್ತಾಂಗದಲ್ಲಿ ಬೂಷ್ಟಿನ ಸೋಂಕು, ತುರಿಕೆ ಬರುತ್ತದೆ. ಬಹುತೇಕರಿಗೆ ಮುಲಾಮು ಮತ್ತು ಸ್ವಚ್ಛತೆಯಿಂದ ವಾಸಿಯಾಗುತ್ತದೆ. ಆದರೆ ಹೇಳಲಾಗದೆ ಎಷ್ಟೋ ಜನ ಮಾತ್ರೆಯನ್ನೇ ನಿಲ್ಲಿಸುತ್ತಾರೆ. ಪ್ರಾಣ ಉಳಿಸುವ ಮಾತ್ರೆ ತುರಿಕೆಯ ನಾಚಿಕೆಗೆ ನಿಂತುಹೋಗುತ್ತದೆ.

*ಅಗ್ಗದ ಪರೀಕ್ಷೆ, ದೊಡ್ಡ ಸುದ್ದಿ*

ಬಿಪಿ ಅಥವಾ ಸಕ್ಕರೆ ಕಾಯಿಲೆ ಇರುವವರು ಇಸಿಜಿ, ಎಕೋ ಎಂದು ಸಾವಿರಾರು ರೂಪಾಯಿ ಖರ್ಚು ಮಾಡುತ್ತಾರೆ, ಮೂತ್ರದ ಬಾಟಲಿ ಹಿಡಿದುಕೊಂಡು ಲ್ಯಾಬಿಗೆ ಹೋಗಲು ಮಾತ್ರ ಹಿಂಜರಿಯುತ್ತಾರೆ. ವರ್ಷಕ್ಕೊಮ್ಮೆ ಮೂತ್ರದ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ ಮಾಡಿಸಿ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂಗಿಂತ ಕಡಿಮೆ ಅಲ್ಬುಮಿನ್ ಇದ್ದರೆ ಸಹಜ. ಅದಕ್ಕಿಂತ ಹೆಚ್ಚು ಬಂದರೆ ಇನ್ನೊಂದೆರಡು ಸಲ ಮಾಡಿಸಿ ಖಚಿತ ಮಾಡಿಕೊಳ್ಳಬೇಕು. ಹೆಚ್ಚಾಗಿಯೇ ಇದ್ದರೆ ಮೂತ್ರಪಿಂಡದ ಜೊತೆಗೆ ಹೃದಯದ ರಕ್ತನಾಳಗಳಿಗೂ ಅಪಾಯ ಇದೆ ಎಂಬ ಸೂಚನೆ. ಬ್ರೈಟ್ ಚಮಚದಲ್ಲಿ ಕಂಡದ್ದನ್ನೇ ಈ ಪರೀಕ್ಷೆ ಎಷ್ಟೋ ವರ್ಷ ಮೊದಲೇ ತೋರಿಸುತ್ತದೆ.

*ಹಾಗಾದರೆ ಏನು ಮಾಡೋಣ?*

"ದೊಡ್ಡವರು ಮರ್ಯಾದೆಯಿಂದ ಬಾಳಿದವರು, ಇಂಥದ್ದನ್ನೆಲ್ಲ ಕೇಳಿ ಮುಜುಗರ ಮಾಡಬಾರದು" ಎಂದು ನನಗೆ ಹೇಳಿದವರಿದ್ದಾರೆ. ಮರ್ಯಾದೆ ಉಳಿಸುವ ಬಗೆ ನಮ್ಮ ಕೈಯಲ್ಲಿದೆ. ಅಮ್ಮನನ್ನು ಮಗನ ಬದಲು ಮಗಳೋ ಸೊಸೆಯೋ ಕರೆದುಕೊಂಡು ಹೋಗಲಿ. ಅದಾಗದಿದ್ದರೆ ಮಗ ಐದು ನಿಮಿಷ ಹೊರಗೆ ಕೂರಲಿ. ಮೊಮ್ಮಕ್ಕಳನ್ನು ದುಭಾಷಿ ಮಾಡಬೇಡಿ. ಅಮ್ಮ ಹೇಳಬೇಕಾದ್ದನ್ನು ಕನ್ನಡದಲ್ಲೇ ಚೀಟಿಯಲ್ಲಿ ಬರೆಯಲಿ, ಮನೆಯವರು ಅನುವಾದಿಸಿ ಕೊಡಲಿ. ಅಪ್ಪನಿಗೂ ಇದೇ ಮಾತು. ರಾತ್ರಿ ನಾಲ್ಕು ಸಲ ಎದ್ದು ಹೋಗುವುದನ್ನು "ವಯಸ್ಸಾಯಿತು" ಎಂದು ಬಿಡಬೇಡಿ. ಪ್ರಾಸ್ಟೇಟ್, ಸಕ್ಕರೆ, ಹೃದಯ ಮೂರೂ ಅದಕ್ಕೆ ಕಾರಣವಾಗಬಹುದು.

ಈ ನಾಲ್ಕು ಪದಗಳನ್ನು ದೊಡ್ಡವರ ಚೀಟಿಯಲ್ಲಿ ಬರೆದಿಡಿ:

ಮೂತ್ರ: ಹಿಂದಿಯಲ್ಲಿ ಪೇಶಾಬ್, ಮರಾಠಿಯಲ್ಲಿ ಲಘವಿ, ತಮಿಳಿನಲ್ಲಿ ಸಿರುನೀರ್, ತೆಲುಗಿನಲ್ಲಿ ಮೂತ್ರಂ.
ಉರಿ: ಜಲನ್, ಜಳಜಳ, ಎರಿಚ್ಚಲ್, ಮಂಟ.
ಬಾವು: ಸೂಜನ್, ಸೂಜ್, ವೀಕ್ಕಂ, ವಾಪು.
ರಕ್ತ: ಖೂನ್, ರಕ್ತ, ರತ್ತಂ, ರಕ್ತಂ.

ನಮ್ಮಂಥ ಡಾಕ್ಟರುಗಳಿಗೂ ಒಂದು ಮಾತು. ಬಿಲ್ಲು ಕಟ್ಟುವವರ ಜೊತೆ ಮಾತಾಡಿ ಕಾಯಿಲೆ ಇರುವವರನ್ನು ಮರೆಯುವುದು ನಮ್ಮ ತಪ್ಪು. ನಾನು ಈಗ ತಿದ್ದಿಕೊಂಡಿದ್ದೇನೆ. ನೀರಿನ ಮಾತ್ರೆ ಬರೆದಾಗಲೆಲ್ಲ "ನಿಮ್ಮ ಮನೆಯಲ್ಲಿ ಬಚ್ಚಲು ಎಷ್ಟು ದೂರ? ಮುಂದಿನ ಪ್ರಯಾಣ ಯಾವಾಗ?" ಎಂದು ಕೇಳುತ್ತೇನೆ.

ಆ ತಾಯಿ ಆರನೇ ದಿನ ಮನೆಗೆ ಹೋದರು. ಮೊನ್ನೆ ತಪಾಸಣೆಗೆ ಸೊಸೆಯ ಜೊತೆ ಬಂದಿದ್ದರು. ಕೂರುವ ಮೊದಲೇ ಹೇಳಿದರು: "ಡಾಕ್ಟರ್ರ, ದೀಪಾವಳಿಗೆ ಊರಿಗೆ ಹೊಂಟೀವಿ. ಗುಳಿಗಿ ಎಷ್ಟೊತ್ತಿಗೆ ತಗೊಳ್ಳಿ?"

ಇವತ್ತು ರಾತ್ರಿ ಊಟವಾದ ಮೇಲೆ ನಿಮ್ಮ ಅಮ್ಮನನ್ನೋ ಅಪ್ಪನನ್ನೋ ಒಂದು ಸಲ ಮೆಲ್ಲಗೆ ಕೇಳಿ ನೋಡಿ. ಊರಲ್ಲೇ ಇದ್ದರೆ ಫೋನ್ ಮಾಡಿ ಕೇಳಿ.

(ಇದು ಸಾಮಾನ್ಯ ತಿಳುವಳಿಕೆಗಾಗಿ. ನಿಮ್ಮ ಡಾಕ್ಟರನ್ನು ಕೇಳದೆ ಯಾವ ಮಾತ್ರೆಯನ್ನೂ ಶುರು ಮಾಡಬೇಡಿ, ನಿಲ್ಲಿಸಬೇಡಿ. ಉಪಯೋಗವೆನಿಸಿದರೆ ನಿಮ್ಮ ಕನ್ನಡ ಬಳಗಕ್ಕೆ ಕಳಿಸಿ.)