ಬೆರಕೆ ಸೊಪ್ಪು, ಎರಡು ಲೋಟ ನೀರು

ಪಾವಗಡ ಸೀಮೆಯ ಒಂದು ಆರೋಗ್ಯ ಶಿಬಿರದಲ್ಲಿ ಕುರ್ಚಿ ಸಿಗದೆ ಶಾಮಿಯಾನದ ಕಂಬಕ್ಕೆ ಒರಗಿ ನಿಂತಿದ್ದೆ. ವೇದಿಕೆಯ ಹಿಂದೆ 'ನಿಮ್ಮ ಆರೋಗ್ಯ ನಿಮ್ಮ ಕೈಯಲ್ಲಿ' ಎಂಬ ಬ್ಯಾನರು. ಊರ ಹೊರಗಿನಿಂದ ಬಂದಿದ್ದ ಭಾಷಣಕಾರರು ಬೆರಳು ಮಡಿಸುತ್ತಾ ಹೇಳುತ್ತಿದ್ದರು: ಎದ್ದ ತಕ್ಷಣ ಎರಡು ಲೋಟ ನೀರು, ದಿನಕ್ಕೆ ಎಂಟು ಲೋಟ, ಹತ್ತು ಸಾವಿರ ಹೆಜ್ಜೆ, ತಟ್ಟೆಯಲ್ಲಿ ಸಿರಿಧಾನ್ಯ, ಮಲಗುವ ಮುಂಚೆ ಮೊಬೈಲು ದೂರ. ಕೊನೆಗೆ, "ನಮ್ಮ ಹಳ್ಳಿ ಜನಕ್ಕೆ ಇಲ್ಲದಿರೋದು ದುಡ್ಡಲ್ಲ, ಶಿಸ್ತು" ಅಂದರು. ಚಪ್ಪಾಳೆ ಬಿತ್ತು. ಮುಂದಿನ ಸಾಲಿನ ಹೆಂಗಸರು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು. ಅದನ್ನು ಭಾಷಣಕಾರರು ಹಳ್ಳಿಯ ನಾಚಿಕೆ ಎಂದುಕೊಂಡಿರಬೇಕು. ಈ ಕಡೆ ಬೆಳೆದವರಿಗೆ ಗೊತ್ತು, ಸೆರಗಿನ ಹಿಂದೆ ಇರುವುದು ಕಂದು ಪಟ್ಟೆಯ ಹಲ್ಲು. ಅದು ತಂಬಾಕಿನ ಕಲೆಯಲ್ಲ, ತಿಕ್ಕದ ಕೊಳೆಯೂ ಅಲ್ಲ. ಹಲ್ಲು ಇನ್ನೂ ದವಡೆಯೊಳಗೆ ಮೂಡುತ್ತಿದ್ದ ವಯಸ್ಸಿನಲ್ಲಿ ಕುಡಿದ ನೀರಿನ ಫ್ಲೋರೈಡು. ಎದ್ದ ತಕ್ಷಣ ಎರಡೆರಡು ಲೋಟ ಕುಡಿದೇ ಬಂದದ್ದು.

ನನ್ನ ಮಾತು ಇಷ್ಟೇ, ಮೊದಲೇ ಹೇಳಿಬಿಡುತ್ತೇನೆ. ಒಳ್ಳೆಯ ಅಭ್ಯಾಸ ಎಂದು ನಾವು ಹೊಗಳುವುದರಲ್ಲಿ ಬಹುಪಾಲು ಮನುಷ್ಯನ ಗುಣವಲ್ಲ, ಅವನಿರುವ ಜಾಗದ ಗುಣ. ನೆಲ, ನೀರು, ಕೆಲಸ, ಕೂಲಿ ಹೇಗೆ ಜೋಡಣೆಯಾಗಿವೆಯೋ ಹಾಗೆ ಕೈ ಬಾಯಿಗೆ ಹೋಗುತ್ತದೆ. ಆ ಜೋಡಣೆ ತಪ್ಪಿದ ಮೇಲೆ ಶಿಸ್ತಿನ ಉಪದೇಶ ಮಾಡುವುದು ಕೆರೆಗೆ ನೀರು ಬಿಡದೆ ಈಜು ಕಲಿಸಿದ ಹಾಗೆ.

ನೀರಿನ ಲೆಕ್ಕವನ್ನೇ ನೋಡಿ. ಎಂಟು ಲೋಟದ ಮಂತ್ರಕ್ಕೆ ಮೂಲ ಹುಡುಕಿದವರು ಅಮೆರಿಕದ ಆಹಾರ ಮಂಡಳಿಯೊಂದರ 1945ರ ಸಲಹೆಗೆ ಹೋಗಿ ನಿಲ್ಲುತ್ತಾರೆ. ದಿನಕ್ಕೆ ಎರಡೂವರೆ ಲೀಟರು ಬೇಕು, ಅದರಲ್ಲಿ ಬಹುಪಾಲು ಊಟದಲ್ಲೇ ಇರುತ್ತದೆ ಎಂದು ಅದರಲ್ಲಿತ್ತು. ಲೋಕ ಮೊದಲರ್ಧ ಇಟ್ಟುಕೊಂಡು ಎರಡನೆಯರ್ಧ ಮರೆಯಿತು. ಹೋಗಲಿ, ಬೇರೆ ಊರಲ್ಲಿ ಎರಡು ಲೋಟ ಹೆಚ್ಚು ಕುಡಿದರೆ ನಷ್ಟವಿಲ್ಲ. ನಮ್ಮ ಕಡೆ ನಷ್ಟವಿದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಬಾವಿ ಬತ್ತಿ, ಕೊಳವೆಬಾವಿ ಕಲ್ಲಿನೊಳಗೆ ಇಳಿದಷ್ಟೂ, ಬಂಡೆಯ ಜೊತೆ ಬಹುಕಾಲ ಕೂತ ನೀರು ಮೇಲೆ ಬರುತ್ತದೆ. ಅದರ ಜೊತೆಗೆ ಫ್ಲೋರೈಡೂ. ಲೀಟರಿಗೆ 3 ಮಿಲಿಗ್ರಾಂ ಇದೆ ಎಂದಿಟ್ಟುಕೊಳ್ಳಿ. ಫ್ಯಾನಿನಡಿ ಕೂತವನು ಎರಡು ಲೀಟರು ಕುಡಿದರೆ 6 ಮಿಲಿಗ್ರಾಂ. ಬಿಸಿಲಲ್ಲಿ ಕಳೆ ಕಿತ್ತವಳು ನಾಲ್ಕು ಲೀಟರು ಕುಡಿದರೆ 12. ದಿನಕ್ಕೆ 6 ದಾಟಿದರೆ ಮೂಳೆಗೆ ಅಪಾಯ ಶುರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಯಾರು ಹೆಚ್ಚು ದುಡಿದರೋ ಅವರ ಸೊಂಟ, ಕುತ್ತಿಗೆ, ಮೊಣಕಾಲು ಮೊದಲು ಬಿಗಿಯುತ್ತದೆ. ಕೂತು ಏಳಲಾಗದವರಿಗೆ ನಾವು ವ್ಯಾಯಾಮ ಹೇಳಿಕೊಡುತ್ತೇವೆ.

ಇನ್ನೊಂದು ಸಲಹೆ ಗೋಡೆಗೋಡೆಯ ಮೇಲಿದೆ: ನೀರನ್ನು ಕುದಿಸಿ ಆರಿಸಿ ಕುಡಿಯಿರಿ. ಭೇದಿಯ ಕ್ರಿಮಿಗೆ ಅದೇ ಮದ್ದು, ತಕರಾರಿಲ್ಲ. ಆದರೆ ಫ್ಲೋರೈಡು ಕುದಿದು ಹಾರುವುದಿಲ್ಲ, ಹಾರುವುದು ನೀರು. ಪಾತ್ರೆಯಲ್ಲಿ ಉಳಿದದ್ದು ಇನ್ನಷ್ಟು ಗಟ್ಟಿಯಾಗುತ್ತದೆ. ಹೇಳಿದ್ದನ್ನು ಹೇಳಿದಂತೆ, ಸೌದೆ ಸುಟ್ಟು, ನಿಷ್ಠೆಯಿಂದ ಮಾಡಿದವಳಿಗೆ ಸ್ವಲ್ಪ ಹೆಚ್ಚೇ ವಿಷ. ಶಿಸ್ತು ಇಲ್ಲದವಳು ಬಚಾವು! ಈಗ ಶುದ್ಧ ನೀರಿನ ಘಟಕಗಳು ಬಂದಿವೆ, ತುಂಗಭದ್ರೆಯ ಹಿನ್ನೀರು ತರುವ ಯೋಜನೆಯಾಗಿದೆ. ಘಟಕದ ಮುಂದೆ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಸಾಲು ನೋಡಿದಾಗಲೆಲ್ಲ ಅನ್ನಿಸುತ್ತದೆ: ಈ ಜನಕ್ಕೆ ಒಳ್ಳೆಯ ನೀರು ಕುಡಿಯುವ ಅಭ್ಯಾಸವನ್ನು ಯಾವ ಭಾಷಣಕಾರರೂ ಕಲಿಸಲಿಲ್ಲ. ನಲ್ಲಿ ಬಂತು, ಅಭ್ಯಾಸ ಬಂತು. ಯಂತ್ರ ಕೆಟ್ಟು ತಿಂಗಳುಗಟ್ಟಲೆ ಬೀಗ ಬಿದ್ದ ಊರಲ್ಲಿ ಅಭ್ಯಾಸವೂ ಹೋಯಿತು.

ಹತ್ತು ಸಾವಿರ ಹೆಜ್ಜೆಯ ಕಥೆ ಇದಕ್ಕಿಂತ ತಮಾಷೆ. 1964ರ ಟೋಕಿಯೊ ಒಲಿಂಪಿಕ್ಸ್ ಗುಂಗಿನಲ್ಲಿ, 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರೇ 'ಮಾನ್ಪೊ-ಕೇ', ಹತ್ತು ಸಾವಿರ ಹೆಜ್ಜೆ ಮಾಪಕ. ವಿಜ್ಞಾನ ಹಿಂದಿನಿಂದ ಏದುಸಿರು ಬಿಡುತ್ತಾ ಬಂತು. ವಯಸ್ಸಾದ ಹೆಂಗಸರ ಮೇಲೆ 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಲಾಭ ಸುಮಾರು 7,500 ಹೆಜ್ಜೆಗೇ ನಿಂತುಬಿಡುತ್ತದೆ. ಮಧುಗಿರಿಯ ಏಕಶಿಲಾ ಬೆಟ್ಟಕ್ಕೆ ಭಾನುವಾರ ಬೆಂಗಳೂರಿನಿಂದ ಬರುವ ಹುಡುಗರು ತುದಿಯಲ್ಲಿ ನಿಂತು ಕೈಗಡಿಯಾರದಲ್ಲಿ ಹೆಜ್ಜೆ ನೋಡಿಕೊಳ್ಳುತ್ತಾರೆ. ಅವರ ಬಗ್ಗೆ ನನಗೆ ಮೆಚ್ಚುಗೆಯೇ. ಆದರೆ ಅದೇ ಬೆಟ್ಟದ ಬುಡದಲ್ಲಿ ಸೌದೆ ಹೊರೆ ಹೊತ್ತು ಹೋಗುವವಳ ನಡಿಗೆಯನ್ನು ವ್ಯಾಯಾಮ ಎಂದು ಯಾರೂ ಕರೆಯುವುದಿಲ್ಲ. ಬೇಡದಿದ್ದರೆ ಬಿಟ್ಟುಬಿಡಬಹುದಾದ ಬೆವರಿಗೆ ಮಾತ್ರ ಆ ಹೆಸರು.

ನಿಂಬೆರಸ, ವಿನೆಗರು, 'ದೇಹದ ವಿಷ ತೆಗೆಯುವ' ಪುಡಿಗಳ ವಿಚಾರಕ್ಕೆ ಒಂದು ವಾಕ್ಯ ಸಾಕು: ಆ ಕೆಲಸಕ್ಕೆ ಮೂತ್ರಪಿಂಡ, ಯಕೃತ್ತುಗಳಿವೆ, ಸಂಬಳ ಕೇಳುವುದಿಲ್ಲ.

ನನಗೆ ನಿಜವಾಗಿ ಮಾತಾಡಬೇಕೆನಿಸುವುದು ಬೆರಕೆ ಸೊಪ್ಪಿನ ಬಗ್ಗೆ. ಪೇಟೆಯ ಓದುಗರಿಗೆ ಹೇಳಬೇಕು: ಬೆರಕೆ ಸೊಪ್ಪು ಒಂದು ಸೊಪ್ಪಿನ ಹೆಸರಲ್ಲ. ಅಣ್ಣೆ, ಗೋಣಿ, ಕನ್ನೆ, ಕೊಮ್ಮೆ, ಎಳೆಯ ತಗಚೆ, ಹೊನಗೊನ್ನೆ, ಯಾವುದು ಸಿಕ್ಕಿತೋ ಅದರ ಕಲಬೆರಕೆ. ಯಾರೂ ಬಿತ್ತಿದ್ದಲ್ಲ, ಯಾರೂ ಕೊಂಡದ್ದಲ್ಲ. ಮಳೆ ಬಿದ್ದ ಮೇಲೆ ಕಡಲೆಕಾಯಿ, ರಾಗಿ ಹೊಲದಲ್ಲಿ ಕಳೆ ಕೀಳುವ ಹೆಂಗಸರು ಬದುವಿನ ಮೇಲೂ ಸಾಲಿನ ನಡುವೆಯೂ ಕಂಡದ್ದನ್ನು ಚಿವುಟಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ಸಂಜೆ ಜಗುಲಿಯ ಮೇಲೆ ಮಡಿಲು ಬಿಚ್ಚಿದರೆ ಹಸಿ ಮಣ್ಣಿನ ವಾಸನೆ. ನಮ್ಮಜ್ಜಿ ಮೊರದಲ್ಲಿ ಹರವಿ ಹುಲ್ಲು ಬೇರೆ, ದಂಟು ಬೇರೆ ಮಾಡುತ್ತಿದ್ದಳು. ಮೂರು ನೀರಲ್ಲಿ ತೊಳೆದರೂ ಒಂದು ಹರಳು ಹಲ್ಲಿಗೆ ಸಿಕ್ಕೇ ಸಿಗುತ್ತಿತ್ತು. ಹುರುಳಿಯೋ ತೊಗರಿಯೋ ಜೊತೆ ಬೇಯಿಸಿ, ಬಸಿದು, ಬಸಿದ ಕಟ್ಟಿಗೆ ಖಾರ ಅರೆದು ಹಾಕಿದರೆ ಬಸ್ಸಾರು. ಉಳಿದ ಸೊಪ್ಪು-ಕಾಳಿಗೆ ಈರುಳ್ಳಿ ಒಗ್ಗರಣೆ ಕೊಟ್ಟರೆ ಪಲ್ಯ. ನಡುವೆ ಮುದ್ದೆ. ಇಲ್ಲಿ ಅರ್ಧ ಮನೆಗಳ ಬಾಯಲ್ಲಿ ಅದು ಸಂಗಟಿ, ಯಾಕೆಂದರೆ ಪಾವಗಡಕ್ಕೆ ಹೆಚ್ಚುಕಡಿಮೆ ಸುತ್ತಲೂ ಆಂಧ್ರ. ಕನ್ನಡದಲ್ಲಿ ಬೈದು ತೆಲುಗಿನಲ್ಲಿ ಊಟಕ್ಕೆ ಕರೆಯುವ ಊರುಗಳು ನಮ್ಮವು.

ಈಗ ಆ ತಟ್ಟೆಯನ್ನು ವೈದ್ಯರ ಕಣ್ಣಿನಿಂದ ನೋಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ. ಅಷ್ಟೇ ಅಕ್ಕಿಯಲ್ಲಿ ಹತ್ತರ ಆಸುಪಾಸು. ಸೊಪ್ಪಿನಲ್ಲಿ ಮತ್ತಷ್ಟು ಸುಣ್ಣ, ಕಬ್ಬಿಣ, ಸಿ ಜೀವಸತ್ವ. ಫ್ಲೋರೈಡು ತರುವ ಈ ಕಾಯಿಲೆಯ, ಅಂದರೆ ಫ್ಲೋರೋಸಿಸ್‌ನ, ತಡೆಗೆ ಕೇಂದ್ರ ಸರ್ಕಾರ 2008-09ರಲ್ಲಿ ಕಾರ್ಯಕ್ರಮ ಶುರುಮಾಡಿತು. ಇಂಥ ಸೀಮೆಯವರಿಗೆ ತಜ್ಞರು ಹೇಳುವ ಆಹಾರವೂ ಇದೇ, ಸುಣ್ಣದಂಶ ಮತ್ತು ಸಿ ಜೀವಸತ್ವ ಹೆಚ್ಚಿರುವುದು. ಅಂದರೆ ನೀರಿನ ಕೇಡಿಗೆ ಅಷ್ಟಿಷ್ಟು ಅಡ್ಡ ನಿಲ್ಲಬಲ್ಲದ್ದು ಅದೇ ಊರಿನ ಬದುವಿನ ಮೇಲೆ ಬಿಟ್ಟಿ ಬೆಳೆಯುತ್ತಿತ್ತು. ನಮ್ಮಜ್ಜಿಗೆ ಸುಣ್ಣದಂಶ ಗೊತ್ತಿರಲಿಲ್ಲ. ಅವಳಿಗೆ 'ಆರೋಗ್ಯಕರ ಅಭ್ಯಾಸ'ವೂ ಇರಲಿಲ್ಲ. ಅವಳಿಗೆ ಹೊಲಕ್ಕೆ ಹೋಗುವ ಕೆಲಸವಿತ್ತು, ಬರುವಾಗ ದಾರಿಯಲ್ಲಿ ಸೊಪ್ಪಿತ್ತು, ತರಕಾರಿಗೆ ಕಾಸಿರಲಿಲ್ಲ.

ಅಂಥ ಹೊಲಗಳು ಈಗ ಎಲ್ಲಿವೆ? ಪಾವಗಡ ತಾಲ್ಲೂಕಿನ ವಳ್ಳೂರು, ತಿರುಮಣಿ, ಬಲಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು, ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಇವತ್ತು ಸೌರ ಫಲಕಗಳು ನಿಂತಿವೆ. 2018ರಲ್ಲಿ ಉದ್ಘಾಟನೆಯಾಗಿ 2019ರ ಕೊನೆಗೆ 2,050 ಮೆಗಾವಾಟಿಗೆ ಮುಟ್ಟಿದ 'ಶಕ್ತಿಸ್ಥಳ'. ಜಮೀನನ್ನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು: ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಮಳೆ ನಂಬಿ ಕಡಲೆಕಾಯಿ ಹಾಕಿ ಕಾಯಿಯ ಬದಲು ಸಾಲ ಕಿತ್ತವರಿಗೆ ಇದು ಚಿಕ್ಕ ಮಾತಲ್ಲ. ಜಮೀನಿದ್ದವರ ಮನೆ ತಾರಸಿಯಾಯಿತು, ಮಕ್ಕಳು ತುಮಕೂರಿನಲ್ಲಿ ಓದಿದರು. ಅವರ ಮುಂದೆ ನಿಂತು ಯೋಜನೆಯೇ ತಪ್ಪು ಎನ್ನುವ ಮುಖ ನನಗಿಲ್ಲ. ಆದರೆ ಬೇಲಿಯೊಳಗೆ ಹೋದದ್ದು ಜಮೀನು ಮಾತ್ರವಲ್ಲ. ಕಳೆ ಕೀಳುವ ಕೂಲಿ, ಕುರಿ ಮೇಯುವ ಬೀಳು, ಬದು, ಬದುವಿನ ಸೊಪ್ಪು. ಗುತ್ತಿಗೆ ಹಣ ಪಹಣಿ ಇದ್ದವರಿಗೆ ಬಂತು. ಬೆರಕೆ ಸೊಪ್ಪಿಗೆ ಪಹಣಿ ಇರಲಿಲ್ಲ. ಅದನ್ನು ಉಣ್ಣುತ್ತಿದ್ದ ಕೂಲಿಯವಳಿಗೂ ಇರಲಿಲ್ಲ.

ಹಾಗಾದರೆ ಜಮೀನು ಉಳಿದ ಊರುಗಳಲ್ಲಿ? ಅಲ್ಲೂ ಕಳೆನಾಶಕ ಬಂದಿದೆ, ಕೂಲಿ ಸಿಗುವುದಿಲ್ಲ, ಸೊಪ್ಪು ಸಂತೆಯಲ್ಲಿ ಕಟ್ಟಿನ ಲೆಕ್ಕದಲ್ಲಿ ಸಿಗುತ್ತದೆ. ಇದನ್ನು ಬರೆಯುವಾಗ ಹಳೆಯದೆಲ್ಲ ಚಿನ್ನ ಎನ್ನುವ ಗುಂಪಿಗೆ ನಾನು ಸೇರಿಬಿಡುವ ಅಪಾಯವಿದೆ. ಸೇರುವುದಿಲ್ಲ. ನಮ್ಮಜ್ಜಿ ಎಷ್ಟೋ ರಾತ್ರಿ ಮಕ್ಕಳಿಗೆ ಮುದ್ದೆ ಬಡಿಸಿ ತಾನು ಅಂಬಲಿ ಕುಡಿದು ಮಲಗಿದವಳು, ಅರವತ್ತಕ್ಕೆ ಬಿಲ್ಲಿನ ಹಾಗೆ ಬಾಗಿದವಳು. ಅನ್ನ ಹಬ್ಬದ ದಿನದ್ದು. 2013ರಲ್ಲಿ ಅನ್ನಭಾಗ್ಯ ಬಂದು ಅಕ್ಕಿ ಕೆಜಿಗೆ ಒಂದು ರೂಪಾಯಿ ಆದಾಗ ನಮ್ಮ ಕಡೆ ಹಸಿದು ಮಲಗುವುದು ತಪ್ಪಿತು. ಹೊಟ್ಟೆ ತುಂಬಿದವರು ಆ ಅನ್ನವನ್ನು ನೋಡಿ 'ಬರೀ ಪಿಷ್ಟ' ಎಂದು ಮೂಗು ಮುರಿದರೆ ನನಗೆ ಮೈ ಉರಿಯುತ್ತದೆ. ಇನ್ನು ಪೂರ್ವಜರ ಧಾನ್ಯ ಎಂಬ ಭಕ್ತಿಯೋ! ರಾಗಿಯ ಮೂಲವೇ ಪೂರ್ವ ಆಫ್ರಿಕದ ಎತ್ತರದ ನೆಲ. ನಮ್ಮ ಹೊಲಗಳಲ್ಲಿ ಇಳುವರಿ ಏರಿದ್ದು ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಮಂಡ್ಯದಲ್ಲಿ ಭಾರತದ ತಳಿಗೆ ಆಫ್ರಿಕದ ತಳಿ ಕೂಡಿಸಿ 'ಇಂಡಾಫ್' ಮಾಡಿದ ಮೇಲೆ. ಹಳೆಯ ಊಟ ಒಳ್ಳೆಯದಾಗಿದ್ದರೆ ಅದು ಹಳೆಯದೆಂಬ ಕಾರಣಕ್ಕಲ್ಲ.

ನಾನು ಗೌರವಿಸುವ ತಕರಾರು ಬೇರೆಯದು. ಅದನ್ನು ಹೇಳಿದವರು ನನ್ನ ಹಳೆಯ ಮೇಷ್ಟರು, ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇಟ್ಟುಕೊಂಡವರು. ದಿನಾ ಬೆಳಗ್ಗೆ ಕೆರೆ ಏರಿ ಮೇಲೆ ಮುಕ್ಕಾಲು ಗಂಟೆ ನಡೆಯುತ್ತಾರೆ; ಟೀಗೆ ಸಕ್ಕರೆ ಬಿಟ್ಟಿದ್ದಾರೆ; ಮದುವೆ ಮನೆಯಲ್ಲಿ ಹೋಳಿಗೆ ಬಡಿಸುವವನ ಕೈ ಹಿಡಿದು ತಡೆಯುತ್ತಾರೆ. "ನೀನು ಹೇಳೋದು ಸರಿ ಕಣಯ್ಯ. ಆದರೆ ಸರ್ಕಾರ ನೆಲ-ನೀರು ಸರಿಮಾಡೋವರೆಗೆ ನನ್ನ ಸಕ್ಕರೆ ಕಾಯ್ತದಾ? ಕೈಲಾಗದವನಿಗೆ ಕೈಲಾಗೋದು ಇದೊಂದೇ" ಎಂದರು. ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಬೀಡಿ, ಹೊಗೆಸೊಪ್ಪು, ಸಂಜೆಯ ಪ್ಯಾಕೆಟ್ಟು, ಎಣ್ಣೆಯಲ್ಲಿ ಮುಳುಗಿದ ಬೋಂಡ, ಇವೆಲ್ಲ ಕೊನೆಗೆ ಒಬ್ಬೊಬ್ಬರ ಕೈಯಿಂದಲೇ ಬಾಯಿಗೆ ಹೋಗುವುದು. ಮನಸ್ಸು ಮಾಡಿ ಬಿಟ್ಟವರನ್ನು ನಾನು ಕಂಡಿದ್ದೇನೆ, ಮೇಷ್ಟರೇ ಮೊದಲಿಗರು.

ಆದರೂ ಮೇಷ್ಟರಿಗೆ ಪಿಂಚಣಿ ಇದೆ. ಬೆಳಗಿನ ಮುಕ್ಕಾಲು ಗಂಟೆ ಅವರದ್ದು, ಅದನ್ನು ಯಾವ ಮೇಸ್ತ್ರಿಯೂ ಕೇಳುವುದಿಲ್ಲ. ಏರಿ ಸಮತಟ್ಟಾಗಿದೆ. ಮನೆಯಲ್ಲಿ ಅವರಿಗೆಂದೇ ಮುದ್ದೆ ಬೇರೆ ತೊಳಸುವ ಹೆಂಡತಿಯಿದ್ದಾರೆ. ಆಕೆಯ ನಡಿಗೆಗೆ ಹೊತ್ತು ಎಲ್ಲಿಂದ ಬರಬೇಕು ಎಂದು ನಾನು ಕೇಳಲಿಲ್ಲ, ಕಾಫಿ ತಂದುಕೊಟ್ಟದ್ದು ಆಕೆಯೇ. ಮೇಷ್ಟರ ಶಿಸ್ತಿನ ಕೆಳಗೆ ಇಷ್ಟು ಇಟ್ಟಿಗೆಗಳಿವೆ. ಶಿಸ್ತನ್ನು ನಾನು ಅಲ್ಲಗಳೆಯುತ್ತಿಲ್ಲ. ಇಟ್ಟಿಗೆಗಳನ್ನು ಮುಚ್ಚಿಟ್ಟು ಶಿಸ್ತನ್ನಷ್ಟೇ ತೋರಿಸುವುದು ನನಗೆ ಆಗದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49ರ ಹೆಂಗಸರಲ್ಲಿ ಶೇಕಡಾ 47.8 ಮಂದಿಗೆ ರಕ್ತಹೀನತೆ. ಹೆಚ್ಚುಕಡಿಮೆ ಅರ್ಧ ರಾಜ್ಯದ ಹೆಂಗಸರಿಗೆ ಒಟ್ಟಿಗೇ ಶಿಸ್ತು ತಪ್ಪಿತೇ? ಇಂಥ ಸಂಖ್ಯೆಯ ಮುಂದೆ 'ನಿಮ್ಮ ಆರೋಗ್ಯ ನಿಮ್ಮ ಕೈಯಲ್ಲಿ' ಎಂದು ಬರೆಸುವವರು ತಮ್ಮ ಕೈ ತೊಳೆದುಕೊಳ್ಳುತ್ತಿದ್ದಾರೆ, ಅಷ್ಟೆ. ಅದೇ ಶಾಮಿಯಾನದ ದುಡ್ಡಿನಲ್ಲಿ ಕೆಟ್ಟು ನಿಂತ ಒಂದು ನೀರಿನ ಘಟಕದ ಸೋಸುವ ಪೊರೆ ಬದಲಿಸಬಹುದಿತ್ತು.

ಶಿಬಿರ ಮುಗಿಸಿಕೊಂಡು ಬರುವಾಗ ವಳ್ಳೂರಿನ ಹತ್ತಿರ ಬೇಲಿಯ ಪಕ್ಕ ಗಾಡಿ ನಿಲ್ಲಿಸಿದೆ. ಫಲಕಗಳ ಸಾಲಿನ ನಡುವೆ ಐದಾರು ಹೆಂಗಸರು ಕುಡುಗೋಲು ಹಿಡಿದು ಹುಲ್ಲು ಸವರುತ್ತಿದ್ದರು. ಹುಲ್ಲು ಬೆಳೆದರೆ ಫಲಕಕ್ಕೆ ನೆರಳು, ಒಣಗಿದರೆ ಬೆಂಕಿಯ ಭಯ. ಅದಕ್ಕೆ ಈ ಕೂಲಿ. ತೊಳೆದ ನೀರು, ಮಳೆ ನೀರು ಇಳಿಯುವ ಫಲಕದ ಅಂಚಿನ ಕೆಳಗೆ ಮಾತ್ರ ಗೆರೆ ಎಳೆದಂತೆ ಹಸಿರು. ಒಬ್ಬಳು ಬಗ್ಗಿ ಆ ಗೆರೆಯಿಂದ ಏನನ್ನೋ ಚಿವುಟಿ ಮಡಿಲಿಗೆ ಸಿಕ್ಕಿಸಿಕೊಂಡಳು. ಕೆಂಪು ಕುಡಿ ಕಂಡಿತು, ಅಣ್ಣೆ ಸೊಪ್ಪು. ಯಾರಾದರೂ ಏನಾದರೂ ಅಂದರೆ ಎಂದು ಬೇಲಿಯ ಈಚೆಯಿಂದಲೇ ಕೇಳಿದೆ.

"ಏನಂತಾರೆ? ಕಳೆ ಕೀಳಾಕೇ ತಾನೆ ಕೂಲಿ ಕೊಡಾದು" ಅಂದಳು. ಈ ಸಲ ಸೆರಗು ಅಡ್ಡ ಹಿಡಿಯಲಿಲ್ಲ, ಎರಡು ಕೈಯಲ್ಲೂ ಕೆಲಸವಿತ್ತು.