ಕೇಳು ಎಂಬ ಪದಕ್ಕೆ ಎರಡು ಅರ್ಥ



ಇಲ್ಲಿನ ಶಾಲೆಗಳಲ್ಲಿ ಓದುವ ನಮ್ಮ ಮಕ್ಕಳಿಗೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತದೆ: "ನೀವು ಆನೆ ಮುಖದ ದೇವರನ್ನು ಪೂಜಿಸುತ್ತೀರಂತೆ, ಹೌದಾ?" ಇದಕ್ಕೆ ಉತ್ತರ ಹೇಳುವುದನ್ನು ನಾವು ಮಕ್ಕಳಿಗೆ ಅಷ್ಟೋ ಇಷ್ಟೋ ಕಲಿಸಿದ್ದೇವೆ. ಆದರೆ ನಮ್ಮ ಮಕ್ಕಳ ಮನಸ್ಸಿನಲ್ಲೂ ಪ್ರಶ್ನೆಗಳಿವೆ. "ದೇವರು ಒಬ್ಬನೇ ಅಂತಾರೆ, ಮತ್ತೆ ತಂದೆ, ಮಗ, ಪವಿತ್ರಾತ್ಮ ಅಂತ ಮೂವರು ಹೇಗೆ?" "ಯೇಸುವನ್ನು ನಂಬದ ನಮ್ಮಜ್ಜಿ ನರಕಕ್ಕೆ ಹೋಗ್ತಾರಾ?" ಇವನ್ನು ಗೆಳೆಯರ ಹತ್ತಿರ ಕೇಳಲು ಅವರಿಗೆ ಅಂಜಿಕೆ. ಮನೆಗೆ ಬಂದು ಕೇಳಿದರೆ ನಾವು "ಅದೆಲ್ಲ ನಮಗ್ಯಾಕೆ, ಸುಮ್ಮನಿರು" ಎನ್ನುತ್ತೇವೆ, ಇಲ್ಲವೇ ಒಂದು ಹಗುರವಾದ ಮಾತು ಆಡಿ ನಕ್ಕುಬಿಡುತ್ತೇವೆ. ಎರಡರಿಂದಲೂ ಮಗುವಿಗೆ ಉಪಯೋಗವಿಲ್ಲ. ಆದ್ದರಿಂದ ಈ ತಿಂಗಳ ಅಂಕಣ ಇದೇ ವಿಷಯಕ್ಕೆ: ಕ್ರೈಸ್ತ ಗೆಳೆಯರನ್ನು ಅವರ ನಂಬಿಕೆಯ ಬಗ್ಗೆ ಕಷ್ಟದ ಪ್ರಶ್ನೆ ಕೇಳುವುದು ಹೇಗೆ? ಕೇಳಿದ ಮೇಲೂ ಗೆಳೆತನ ಉಳಿಯುವ ಹಾಗೆ ಕೇಳುವುದು ಹೇಗೆ?

ನಮ್ಮೂರಲ್ಲೇ ನಡೆದದ್ದು

ಅಮೆರಿಕದಲ್ಲಿ ಪ್ರತಿ ವರ್ಷ ಮೇ ತಿಂಗಳ ಮೊದಲ ಗುರುವಾರ ರಾಷ್ಟ್ರೀಯ ಪ್ರಾರ್ಥನಾ ದಿನ. 1952ರಲ್ಲಿ ಇದಕ್ಕೆ ಕಾನೂನು ಬಂತು. ಟ್ರಾಯ್‌ನಲ್ಲಿ ಈ ದಿನದ ಸಭೆಯನ್ನು ಕ್ರೈಸ್ತರ ಒಂದು ಬಳಗ ನಡೆಸುತ್ತಿತ್ತು. 2005ರಲ್ಲಿ ನಮ್ಮ ಭಾರತೀಯ ದೇವಸ್ಥಾನದವರಾದ ಪದ್ಮಾ ಕುಪ್ಪಾ ಅವರು ಹಿಂದೂ ಪ್ರಾರ್ಥನೆಗೂ ಅಲ್ಲಿ ಜಾಗ ಕೇಳಿದರು. ಜಾಗ ಸಿಗಲಿಲ್ಲ. ರಾಷ್ಟ್ರದ ಪ್ರಾರ್ಥನೆ ಎಂದ ಮೇಲೆ ಈ ಊರಿನ ಹಿಂದೂಗಳು, ಮುಸಲ್ಮಾನರು, ಯೆಹೂದ್ಯರು ರಾಷ್ಟ್ರದೊಳಗೆ ಇಲ್ಲವೇ? ಪ್ರಶ್ನೆ ಕಷ್ಟದ್ದೇ. ಅದರಿಂದ ಊರಲ್ಲಿ ಬಿಸಿಬಿಸಿ ಚರ್ಚೆಯೂ ಆಯಿತು. ಆದರೆ ಅದು ಅಲ್ಲಿಗೇ ನಿಲ್ಲಲಿಲ್ಲ. ಅದೇ ವರ್ಷ ಟ್ರಾಯ್ ಇಂಟರ್‌ಫೇತ್ ಗ್ರೂಪ್ ಹುಟ್ಟಿತು. ಎಲ್ಲ ಧರ್ಮದವರು ಒಟ್ಟಿಗೆ ಕೂರುವ ಆ ಬಳಗಕ್ಕೆ ಕ್ರೈಸ್ತರೂ ಬಂದು ಸೇರಿದರು. ಪದ್ಮಾ ಅವರು ಮುಂದೆ 2018ರಲ್ಲಿ ಮಿಶಿಗನ್ ಶಾಸನಸಭೆಗೆ ಆಯ್ಕೆಯಾದರು.

ಮಕ್ಕಳೇ, ಇದರಲ್ಲಿ ಒಂದು ಅಂಶ ಗಮನಿಸಿ. ಅವರು "ನಿಮ್ಮ ಪ್ರಾರ್ಥನೆ ನಿಲ್ಲಿಸಿ" ಎನ್ನಲಿಲ್ಲ, "ನಮ್ಮನ್ನೂ ಸೇರಿಸಿಕೊಳ್ಳಿ" ಎಂದರು. ಬಾಗಿಲು ಮುಚ್ಚಿದವರಿದ್ದರು, ತೆರೆದವರೂ ಇದ್ದರು. ಇಬ್ಬರೂ ಕ್ರೈಸ್ತರೇ. "ಕ್ರೈಸ್ತರೆಲ್ಲ ಹೀಗೇ" ಎಂದು ಅವರು ಅಂದೇ ತೀರ್ಮಾನಿಸಿದ್ದರೆ ಆ ಬಳಗ ಹುಟ್ಟುತ್ತಿರಲಿಲ್ಲ.

ಯಾವ ಕ್ರೈಸ್ತರು?

ಆದ್ದರಿಂದ ಪ್ರಶ್ನೆ ಕೇಳುವ ಮುಂಚೆ ಎದುರಿಗಿರುವವರು ಯಾರು ಎಂದು ತಿಳಿದುಕೊಳ್ಳಿ. ನಮ್ಮ ಟ್ರಾಯ್‌ನಲ್ಲೇ ಎಷ್ಟು ಬಗೆಯವರಿದ್ದಾರೆ ನೋಡಿ. ಸೇಂಟ್ ಜೋಸೆಫ್ ಇಗರ್ಜಿಗೆ ಹೋಗುವ ಕಾಲ್ಡಿಯನ್ನರು ಇರಾಕಿನಿಂದ ಬಂದ ಕ್ರೈಸ್ತರು. ಅವರ ಮನೆಮಾತು ಅರಾಮಿಕ್‌ನ ಇಂದಿನ ರೂಪ. ಯೇಸು ಆಡುತ್ತಿದ್ದದ್ದೂ ಅರಾಮಿಕ್ ನುಡಿಯನ್ನೇ. ನಮ್ಮ ಮಕ್ಕಳು ಭಾನುವಾರ ಅ, ಆ, ಇ, ಈ ಕಲಿಯುವ ಹಾಗೆ ಅವರ ಮಕ್ಕಳೂ ಮನೆಮಾತನ್ನು ಉಳಿಸಿಕೊಳ್ಳಲು ಹೆಣಗುತ್ತಾರೆ. ಅವರಲ್ಲಿ ನಿನೆವೆ ಉಪವಾಸ ಎಂಬ ಮೂರು ದಿನದ ವ್ರತವಿದೆ. ಏಕಾದಶಿ ಮಾಡುವ ಅಜ್ಜಿಗೆ ಇದನ್ನು ಹೇಳಿದರೆ ಖುಷಿಪಟ್ಟಾರು.

ಇನ್ನು ಸೇಂಟ್ ನಿಕೊಲಸ್ ಗ್ರೀಕ್ ಆರ್ಥೊಡಾಕ್ಸ್ ಚರ್ಚಿನವರಿಗೆ ಈಸ್ಟರ್ ಎಷ್ಟೋ ಸಲ ಬೇರೆ ದಿನ ಬರುತ್ತದೆ. ಪಂಚಾಂಗದ ಲೆಕ್ಕ ಬೇರೆ, ಅಷ್ಟೇ. ನಮ್ಮಲ್ಲಿ ಚಾಂದ್ರಮಾನ ಯುಗಾದಿ, ಸೌರಮಾನ ಯುಗಾದಿ ಇಲ್ಲವೇ, ಹಾಗೆ. ಕ್ಯಾಥೊಲಿಕರಿದ್ದಾರೆ, ಬ್ಯಾಪ್ಟಿಸ್ಟರಿದ್ದಾರೆ, ಕೇರಳದ ಕ್ರೈಸ್ತರಿದ್ದಾರೆ, ಮಂಗಳೂರಿನ ಕೊಂಕಣಿ ಕ್ಯಾಥೊಲಿಕರೂ ಇದ್ದಾರೆ. ಒಬ್ಬ ಸ್ಮಾರ್ತರನ್ನೋ ಲಿಂಗಾಯತರನ್ನೋ ಜೈನರನ್ನೋ ಹಿಡಿದು "ನೀವು ಇಂಡಿಯಾದವರೆಲ್ಲ ಹೀಗೆ ನಂಬುತ್ತೀರಲ್ಲ" ಎಂದರೆ ಹೇಗಿರುತ್ತದೆ? ಅವರಿಗೂ ಹಾಗೆಯೇ. ಆದ್ದರಿಂದ ಮೊದಲ ಪ್ರಶ್ನೆ ಯಾವಾಗಲೂ ಇದೇ ಇರಲಿ: "ನಿಮ್ಮ ಚರ್ಚಿನಲ್ಲಿ ಇದನ್ನು ಹೇಗೆ ಹೇಳಿಕೊಡುತ್ತಾರೆ?"

ಮೂರು ಕಷ್ಟದ ಪ್ರಶ್ನೆಗಳು

ಮೊದಲನೆಯದು, ಒಬ್ಬ ದೇವರು ಮೂವರಾಗುವುದು ಹೇಗೆ? "ನಿಮ್ಮದೂ ಮೂರು ದೇವರೇ, ಮತ್ತೆ ನಮ್ಮನ್ನೇಕೆ ಆಡಿಕೊಳ್ಳುತ್ತೀರಿ?" ಎಂದು ಶುರುಮಾಡಿದರೆ ಅದು ಪ್ರಶ್ನೆಯಲ್ಲ, ಏಟು. ಇದು ಅವರಿಗೂ ಸುಲಭದ ವಿಷಯವಲ್ಲ. 325ರಲ್ಲಿ ನೈಸಿಯಾ ಎಂಬ ಊರಿನಲ್ಲಿ ಬಿಷಪ್ಪರು ಸಭೆ ಸೇರಿ ಮಗನೂ ತಂದೆಯೂ ಸಮಾನರೇ ಎಂದು ವಾದಿಸಿದರು. ದೊಡ್ಡ ದೊಡ್ಡ ಪಂಡಿತರು ಅಷ್ಟು ಚರ್ಚಿಸಿದ್ದನ್ನು ನಿಮ್ಮ ಆರನೇ ತರಗತಿಯ ಗೆಳತಿ ಊಟದ ಬಿಡುವಿನಲ್ಲಿ ಬಿಡಿಸಿ ಹೇಳಬೇಕೆಂದರೆ ಹೇಗೆ? "ನೀನು ಪ್ರಾರ್ಥನೆ ಮಾಡುವಾಗ ಮನಸ್ಸಿನಲ್ಲಿ ಯಾರಿರುತ್ತಾರೆ?" ಎಂದು ಕೇಳಿ ನೋಡಿ. ಇದಕ್ಕೆ ಅವಳಿಗೆ ಖಂಡಿತ ಉತ್ತರ ಗೊತ್ತು. ಪುಸ್ತಕದ ಉತ್ತರಕ್ಕಿಂತ ಅದು ನಿಮಗೆ ಹೆಚ್ಚು ತಿಳಿಸುತ್ತದೆ.

ಎರಡನೆಯದು, ಒಳ್ಳೆಯವರಿಗೆ ದೇವರು ಕಷ್ಟ ಕೊಡುವುದೇಕೆ? ಈ ಪ್ರಶ್ನೆ ಕೇಳಿದರೆ ಕ್ರೈಸ್ತರಿಗೆ ಅವಮಾನವಾಗುತ್ತದೆ ಎಂದುಕೊಳ್ಳಬೇಡಿ. ಅದು ಬೈಬಲಿನಲ್ಲೇ ಇದೆ. ಯೋಬ ಎಂಬ ಸಜ್ಜನ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡು ದೇವರನ್ನೇ ತರಾಟೆಗೆ ತೆಗೆದುಕೊಳ್ಳುತ್ತಾನೆ. ಒಂದು ಇಡೀ ಪುಸ್ತಕ ಅವನ ಪ್ರಶ್ನೆಗಳದ್ದು. ನಮ್ಮ ನಚಿಕೇತ ಯಮನನ್ನೇ ಕೇಳಿದ, ಗಾರ್ಗಿ ಯಾಜ್ಞವಲ್ಕ್ಯರನ್ನು ತುಂಬಿದ ಸಭೆಯಲ್ಲಿ ಕೇಳಿದಳು. ಕೇಳುವುದು ಅಧರ್ಮವಲ್ಲ ಎಂಬುದರಲ್ಲಿ ಎರಡೂ ಕಡೆ ಒಂದೇ ಮಾತು. ಆದರೆ ಗೆಳೆಯನ ಮನೆಯಲ್ಲಿ ಸಾವಾಗಿರುವ ವಾರದಲ್ಲಿ ಈ ಪ್ರಶ್ನೆ ಕೇಳಬೇಡಿ. ಆಗ ಹತ್ತಿರ ಕುಳಿತರೆ ಸಾಕು. ಮತ್ತೆ, ಪುಟ್ಟ ಮಗುವಿಗೆ ಕಾಯಿಲೆ ಬಂದರೆ "ಅದರ ಕರ್ಮ" ಎನ್ನುವುದು ನಮಗೂ ಅಷ್ಟು ಸಲೀಸಲ್ಲ ಎಂಬುದನ್ನು ಮರೆಯಬೇಡಿ.

ಮೂರನೆಯದು ಎಲ್ಲಕ್ಕಿಂತ ಭಾರವಾದದ್ದು, ಅಜ್ಜಿಯ ಪ್ರಶ್ನೆ. ಇದಕ್ಕೆ ಕ್ರೈಸ್ತರಲ್ಲೇ ಒಂದು ಉತ್ತರವಿಲ್ಲ. ಯೇಸುವನ್ನು ಒಪ್ಪಿದವರಿಗೆ ಮಾತ್ರ ಮುಕ್ತಿ ಎಂದು ಹಲವು ಚರ್ಚುಗಳು ಕಲಿಸುತ್ತವೆ. ಕ್ಯಾಥೊಲಿಕ್ ಚರ್ಚು 1965ರ ಅಕ್ಟೋಬರ್ 28ರಂದು ಹೊರಡಿಸಿದ ಘೋಷಣೆಯೊಂದರಲ್ಲಿ ಹಿಂದೂ ಧರ್ಮವನ್ನು ಹೆಸರಿಸಿ, ಬೇರೆ ಧರ್ಮಗಳಲ್ಲಿ ಸತ್ಯವಾದದ್ದು, ಪವಿತ್ರವಾದದ್ದು ಏನಿದೆಯೋ ಅದನ್ನು ತಾನು ತಳ್ಳಿಹಾಕುವುದಿಲ್ಲ ಎಂದಿತು. ಯೇಸುವಿನ ವಿಷಯ ಸಾರುವುದನ್ನು ಬಿಡುತ್ತೇನೆ ಎಂದು ಅದು ಹೇಳಲಿಲ್ಲ, ಅದೂ ನಿಜ.

ನಿಮ್ಮ ಗೆಳೆಯ ಮೊದಲ ಬಗೆಯ ಚರ್ಚಿನವನಾಗಿದ್ದರೆ? ಅವನಿಗೆ ನಿಮ್ಮ ಮೇಲೆ ಪ್ರೀತಿ ಇದೆ, ಚರ್ಚಿನ ಮಾತಿನ ಮೇಲೆ ನಂಬಿಕೆಯೂ ಇದೆ. ಎರಡರ ನಡುವೆ ಅವನೂ ಒದ್ದಾಡುತ್ತಿರಬಹುದು. "ಹಾಗಾದರೆ ನಮ್ಮಜ್ಜಿ ನರಕಕ್ಕಾ? ಹೇಳು!" ಎಂದು ಎಂಟು ಜನರ ಎದುರು ಕೇಳಿದರೆ ಅವನು ಒಂದೋ ನಂಬಿಕೆ ಬಿಡಬೇಕು, ಒಂದೋ ಗೆಳೆತನ ಬಿಡಬೇಕು. ಯಾರನ್ನೂ ಅಂಥ ಮೂಲೆಗೆ ಒತ್ತಬಾರದು. ಇಬ್ಬರೇ ಇದ್ದಾಗ, "ನನಗೆ ನಮ್ಮಜ್ಜಿ ಅಂದರೆ ಪ್ರಾಣ. ಆ ಮಾತು ಕೇಳಿದಾಗ ನನಗೆ ಬೇಜಾರಾಗುತ್ತದೆ. ನಿನಗೆ ಏನನ್ನಿಸುತ್ತದೆ?" ಎನ್ನಿ. ಅವನು "ಗೊತ್ತಿಲ್ಲ" ಎಂದರೆ ಅದನ್ನು ಸೋಲು ಎಂದು ಎಣಿಸಬೇಡಿ. "ಹೌದು, ನಾನು ಹಾಗೇ ನಂಬುತ್ತೇನೆ" ಎಂದರೆ, "ಸರಿ, ನಾನು ಹಾಗೆ ನಂಬುವುದಿಲ್ಲ" ಎಂದು ಶಾಂತವಾಗಿ ಹೇಳುವ ಹಕ್ಕು ನಿಮಗಿದೆ. ಗೌರವ ಕೊಡುವುದು ಎಂದರೆ ಒಪ್ಪಿಬಿಡುವುದು ಎಂದಲ್ಲ.

ನಮ್ಮವರು ಕೇಳಿದ ಬಗೆ

ಸ್ವಾಮಿ ವಿವೇಕಾನಂದರು 1893ರ ಸೆಪ್ಟೆಂಬರ್‌ನಲ್ಲಿ ಷಿಕಾಗೋ ಸಮ್ಮೇಳನದಲ್ಲಿ ಮಾತಾಡಿದ್ದು ಎಲ್ಲರಿಗೂ ಗೊತ್ತು. ಅದೇ ಸಮ್ಮೇಳನದಲ್ಲಿ ಸೆಪ್ಟೆಂಬರ್ 20ರಂದು ಅವರು ಕ್ರೈಸ್ತರನ್ನು ನೇರವಾಗಿ ಕೇಳಿದರು: ಹಸಿದ ಭಾರತಕ್ಕೆ ಅನ್ನ ಬೇಕಾಗಿರುವಾಗ ನೀವು ಚರ್ಚು ಕಟ್ಟುವುದೇಕೆ? 1894ರ ಫೆಬ್ರವರಿಯಲ್ಲಿ ನಮ್ಮ ಡೆಟ್ರಾಯಿಟ್‌ಗೂ ಬಂದರು. ಇಲ್ಲಿನ ಯೂನಿಟೇರಿಯನ್ ಚರ್ಚಿನಲ್ಲಿ ಉಪನ್ಯಾಸ ಮಾಡಿದರು. ಮಿಷನರಿಗಳ ಬಗ್ಗೆ ಅವರ ಮಾತು ಖಾರವಾಗಿತ್ತು, ಪತ್ರಿಕೆಗಳಲ್ಲಿ ಪರ-ವಿರೋಧ ಎರಡೂ ಬಂದವು. ಆದರೆ ಯೇಸುವಿನ ಬಗ್ಗೆ ಅವರಿಗೆ ಇದ್ದದ್ದು ಭಕ್ತಿ. ಅಮೆರಿಕಕ್ಕೆ ಬರುವ ಮೊದಲೇ ಕ್ರಿಸ್ತಾನುಕರಣದ ಒಂದು ಭಾಗವನ್ನು ಬಂಗಾಳಿಗೆ ಅನುವಾದಿಸಿದ್ದರು. ಪ್ರೀತಿಸಿ ಓದಿಕೊಂಡವರ ಪ್ರಶ್ನೆಗೆ ತೂಕ ಬರುವುದು ಹೀಗೆ. ಮಕ್ಕಳೇ, ಆ ಖಾರ ಉಪನ್ಯಾಸದ ವೇದಿಕೆಗೆ ಸರಿ. ಊಟದ ಮೇಜಿಗೆ ಬೇಡ.

ಕಾಸರಗೋಡಿನ ಮಂಜೇಶ್ವರದ ಗೋವಿಂದ ಪೈಗಳು ಇನ್ನೊಂದು ಬಗೆ. ಯೇಸುವಿನ ಕೊನೆಯ ದಿನವನ್ನು ಕುರಿತು ಅವರು "ಗೊಲ್ಗೊಥಾ" ಎಂಬ ಖಂಡಕಾವ್ಯವನ್ನೇ ಬರೆದರು. ಇನ್ನೊಬ್ಬರ ದೇವರ ಸಂಕಟವನ್ನು ತನ್ನ ಭಾಷೆಯಲ್ಲಿ ಬರೆಯಲು ಎಷ್ಟು ಗಮನ ಕೊಟ್ಟು ಓದಿರಬೇಕು, ಯೋಚಿಸಿ. ಹಾಗೆ ಓದಿದರೆಂದು ಅವರು ಕ್ರೈಸ್ತರಾಗಲಿಲ್ಲ.

ಮಿಷನರಿಗಳ ಪ್ರಶ್ನೆ ಕನ್ನಡಿಗರಾದ ನಮಗೆ ಇನ್ನೂ ಜಟಿಲ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು "ಮಂಗಳೂರ ಸಮಾಚಾರ" ಹೊರಡಿಸಿದರು. ಅದು ಕನ್ನಡದ ಮೊದಲ ಪತ್ರಿಕೆ. ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವರೂ ಅವರೇ. ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಬಂತು. ಇಬ್ಬರೂ ಬಂದದ್ದು ಜನರನ್ನು ಕ್ರೈಸ್ತರನ್ನಾಗಿಸಲು, ಅದನ್ನು ಮುಚ್ಚಿಡಬೇಕಿಲ್ಲ. ಅವರಿಂದ ಕನ್ನಡಕ್ಕೆ ಆದ ಉಪಕಾರವನ್ನೂ ಮುಚ್ಚಿಡಬೇಕಿಲ್ಲ. ಮತಾಂತರದ ಬಗ್ಗೆ ಕೇಳುವವರು ಎರಡನ್ನೂ ತಿಳಿದು ಕೇಳಬೇಕು.

ತಿರುಗಿ ಬರುವ ಪ್ರಶ್ನೆ

ನೀವು ಕೇಳಿದರೆ ಅವರೂ ಕೇಳುತ್ತಾರೆ. "ನಿಮ್ಮಲ್ಲಿ ಜಾತಿ ಯಾಕೆ?" ಎಂದು ಕೇಳಿದರೆ ಸಿಡುಕಬೇಡಿ. ಅಸ್ಪೃಶ್ಯತೆ ಇತ್ತು, ಈಗಲೂ ಪೂರ್ತಿ ಹೋಗಿಲ್ಲ, ಅದು ತಪ್ಪು ಎನ್ನಿ. ಅದರ ವಿರುದ್ಧ ಬಸವಣ್ಣನವರು 12ನೇ ಶತಮಾನದಲ್ಲೇ ಎದ್ದು ನಿಂತರು ಎಂದೂ ಹೇಳಿ. ಅವರ ಇತಿಹಾಸವೂ ಹೀಗೆಯೇ. ಗುಲಾಮರನ್ನು ಇಟ್ಟುಕೊಂಡವರ ಕೈಯಲ್ಲೂ ಬೈಬಲ್ ಇತ್ತು. 1836ರಲ್ಲಿ ಶುರುವಾದ ಡೆಟ್ರಾಯಿಟ್‌ನ ಸೆಕೆಂಡ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರನ್ನು ಬಚ್ಚಿಟ್ಟು ಕೆನಡಾಕ್ಕೆ ದಾಟಿಸಿದವರ ಕೈಯಲ್ಲೂ ಅದೇ ಬೈಬಲ್ ಇತ್ತು. ಇತಿಹಾಸದ ಪ್ರಶ್ನೆ ಕೇಳಬಹುದು. ಆದರೆ ಹನ್ನೆರಡು ವರ್ಷದ ಗೆಳೆಯನನ್ನು ಅದಕ್ಕೆ ಜವಾಬ್ದಾರ ಮಾಡಬಾರದು.

ಪೋಷಕರಿಗೆ ಎರಡು ಮಾತು

ಕೆಲವು ತಂದೆತಾಯಿಯರಿಗೆ ಒಳಗೊಳಗೇ ಒಂದು ಭಯ: ಇದನ್ನೆಲ್ಲ ಕೇಳುತ್ತಾ ಹೋದರೆ ಮಗು ಆ ಕಡೆ ವಾಲಿಬಿಟ್ಟರೆ? ಈ ಭಯ ಸಹಜ. ಆದರೆ ಬಾಯಿ ಮುಚ್ಚಿಸಿದರೆ ಮಗುವಿನ ಪ್ರಶ್ನೆ ಹೋಗುವುದಿಲ್ಲ, ನಮ್ಮ ಹತ್ತಿರ ಬರುವುದನ್ನು ನಿಲ್ಲಿಸುತ್ತದೆ, ಅಷ್ಟೇ. ಗೆಳೆಯರು ಚರ್ಚಿನ ಕಾರ್ಯಕ್ರಮಕ್ಕೆ ಕರೆದರೆ, "ಆಟವಾ, ಪ್ರಾರ್ಥನೆಯಾ, ಎರಡೂನಾ?" ಎಂದು ಆ ಮನೆಯವರನ್ನು ಮುಂಚೆಯೇ ಬಿಚ್ಚುಮನಸ್ಸಿನಿಂದ ಕೇಳಿ. ಅವರು ಮುಚ್ಚುಮರೆ ಇಲ್ಲದೆ ಹೇಳುತ್ತಾರೆ. ಕಳಿಸುವುದೋ ಬೇಡವೋ ಆಮೇಲೆ ನಿಮ್ಮ ತೀರ್ಮಾನ. ಎರಡನೆಯ ಮಾತು: ಮನೆಯಲ್ಲಿ ನಾವು ಆಡುವ ಹಗುರ ಮಾತು ನಾಳೆ ಶಾಲೆಯಲ್ಲಿ ಮಗುವಿನ ಬಾಯಲ್ಲಿ ಬರುತ್ತದೆ. ಕನ್ನಡಿಗರಲ್ಲೂ ಕ್ರೈಸ್ತರಿದ್ದಾರೆ ಎಂಬುದು ನೆನಪಿರಲಿ. ಆ ಮನೆಗಳವರು ಈ ಅಂಕಣವನ್ನು ತಿರುಗಿಸಿ ಓದಿಕೊಳ್ಳಿ. ನಮ್ಮನ್ನೂ ಕೇಳಿ.

ಕನ್ನಡದಲ್ಲಿ ಒಂದು ಸೊಗಸಿದೆ. ಪ್ರಶ್ನೆ ಹಾಕುವುದಕ್ಕೂ "ಕೇಳು", ಕಿವಿಗೊಡುವುದಕ್ಕೂ "ಕೇಳು". ಕೇಳಿದ ಮೇಲೆ ಕೇಳಿಸಿಕೊಳ್ಳಬೇಕು ಎಂದು ಬೇರೆ ಹೇಳುವ ಅಗತ್ಯವೇ ನಮ್ಮ ಭಾಷೆಗಿಲ್ಲ.

ಈ ತಿಂಗಳ ಮನೆಗೆಲಸ

1. "ಪಾದ್ರಿ", "ಇಗರ್ಜಿ", "ಚಾವಿ" ಈ ಮೂರೂ ಪೋರ್ಚುಗೀಸರಿಂದ ನಮಗೆ ಬಂದ ಪದಗಳು. "ಶಿಲುಬೆ" ಬಂದದ್ದು ಅರಾಮಿಕ್‌ನದೇ ಒಂದು ರೂಪವಾದ ಸಿರಿಯಾಕ್‌ನಿಂದ. ಕಾಲ್ಡಿಯನ್ ಗೆಳೆಯರಿದ್ದರೆ ಅವರ ಮನೆಮಾತಿನಲ್ಲಿ ಶಿಲುಬೆಗೆ ಏನೆನ್ನುತ್ತಾರೆ ಎಂದು ಕೇಳಿ ಬನ್ನಿ. ಕೇಳಿದೊಡನೆ ಗುರುತು ಸಿಗುತ್ತದೆ.

2. ನಿಮ್ಮ ಮನಸ್ಸಿನಲ್ಲಿರುವ ಒಂದು ಕಷ್ಟದ ಪ್ರಶ್ನೆಯನ್ನು ಕನ್ನಡದಲ್ಲಿ ಬರೆಯಿರಿ. ಅದನ್ನೇ ಯಾರಾದರೂ ನಿಮ್ಮ ದೇವರ ಬಗ್ಗೆ ಕೇಳಿದರೆ ಹೇಗನ್ನಿಸುತ್ತದೆ ಎಂದು ಯೋಚಿಸಿ, ಬೇಕಿದ್ದರೆ ತಿದ್ದಿ ಬರೆಯಿರಿ. ಎರಡನ್ನೂ ಮುಂದಿನ ತರಗತಿಗೆ ತನ್ನಿ.

3. ಆ ಗೆಳೆಯರನ್ನು ಒಮ್ಮೆ ಮನೆಗೆ ಕರೆಯಿರಿ. ಅಮ್ಮನೋ ಅಪ್ಪನೋ ಚಿತ್ರಾನ್ನ ಮಾಡಿಕೊಡಲಿ. ಹೊಟ್ಟೆ ತುಂಬಿದ ಮೇಲೆ ಕಷ್ಟದ ಪ್ರಶ್ನೆಗಳೂ ಸ್ವಲ್ಪ ಮೆತ್ತಗಾಗುತ್ತವೆ.

ಮುಂದಿನ ತಿಂಗಳು ಮತ್ತೆ ಸಿಗೋಣ.